ಒಂದು ಜೀನ್, ಎರಡು ಪ್ರೋಟೀನ್: ಎಸ್‌ಎಂಎನ್2ರ ಏಳನೇ ಎಕ್ಸಾನನ್ನು ಜೆಲ್ ಮೇಲೆ ಹಿಡಿಯುವ ಬಗೆ

ಪರ್ಯಾಯ ಸ್ಪ್ಲೈಸಿಂಗ್ ಎಂದೊಡನೆ ಪಠ್ಯಪುಸ್ತಕದ ಚಿತ್ರ ನೆನಪಾಗುತ್ತದೆ: ಸಾಲಾಗಿ ನಿಂತ ಎಕ್ಸಾನ್ (ಅಂತಿಮ ಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ಭಾಗ) ಪೆಟ್ಟಿಗೆಗಳು, ಅದರಲ್ಲೊಂದು ಒಮ್ಮೆ ಸೇರಿಕೊಳ್ಳುತ್ತದೆ, ಇನ್ನೊಮ್ಮೆ ಬಿಟ್ಟುಹೋಗುತ್ತದೆ. ಚಿತ್ರ ಸರಿಯೇ. ಆದರೆ ಒಂದು ಜೀವಕೋಶದಲ್ಲಿ ಯಾವ ರೂಪ ಎಷ್ಟಿದೆ ಎಂದು ಅಳೆಯಲು ಹೊರಟರೆ ತಪ್ಪುವುದು ಚಿತ್ರದಲ್ಲಿ ಕಾಣದ ಜಾಗಗಳಲ್ಲಿ. ಪ್ರೈಮರ್ ಕೂರುವ ಸ್ಥಳ, ಪಿಸಿಆರ್‌ನ ಸುತ್ತುಗಳ ಸಂಖ್ಯೆ, ಜೆಲ್‌ನಲ್ಲಿ ಕರೆಯದೆ ಬರುವ ಮೂರನೇ ಬ್ಯಾಂಡ್, ಇವೇ ಆ ಜಾಗಗಳು. ಮನುಷ್ಯರ ಎಸ್‌ಎಂಎನ್2 ಜೀನನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಡೀ ಕೆಲಸವನ್ನು ಇಲ್ಲಿ ಹೇಳಿದೆ. ಜೀವರಸಾಯನಶಾಸ್ತ್ರ ಅಥವಾ ಬಯೋಟೆಕ್ನಾಲಜಿ ಓದುತ್ತಿರುವವರಿಗೆ, ಪಿಸಿಆರ್ ಮಾಡಿ ಅಭ್ಯಾಸವಿರುವವರಿಗೆ ಇದು ಸಾಕು.

ಮೊದಲು ಕಾಗದದ ಮೇಲೆ

ಯಾವ ಎಕ್ಸಾನ್ ಆದರೂ ಸರಿ, ಪಿಪೆಟ್ ಮುಟ್ಟುವ ಮುನ್ನ ಅದರ ಉದ್ದವನ್ನು ಮೂರರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಎಕ್ಸಾನ್ ಬಿಟ್ಟುಹೋದಾಗಲೂ ಮುಂದಿನ ಓದು ಹಳಿ ತಪ್ಪುವುದಿಲ್ಲ. ಶೇಷ ಉಳಿದರೆ ಮುಂದಿನ ಅಮೈನೊ ಆಮ್ಲಗಳೆಲ್ಲ ಬೇರೆಯಾಗಿ, ಸ್ವಲ್ಪ ದೂರದಲ್ಲೇ ನಿಲುಗಡೆ ಕೋಡಾನ್ ಎದುರಾಗುತ್ತದೆ.

ಎಸ್‌ಎಂಎನ್2ರ ಏಳನೇ ಎಕ್ಸಾನ್‌ನಲ್ಲಿರುವುದು 54 ಬೇಸ್, ಅಂದರೆ 18 ಕೋಡಾನ್. ಬರೆದು ನೋಡಿದರೆ ಮೊದಲ 16 ಕೋಡಾನ್‌ಗಳು ಅಮೈನೊ ಆಮ್ಲಗಳಿಗೆ, 17ನೆಯದು ಟಿಎಎ ಎಂಬ ನಿಲುಗಡೆ, ಕೊನೆಗೆ ಜಿಜಿಎ ಎಂಬ ಮೂರು ಬೇಸ್‌ಗಳ ಬಾಲ. ಈ ಎಕ್ಸಾನ್ ಸೇರಿದರೆ ಪ್ರೋಟೀನಿನ ಉದ್ದ 294 ಅಮೈನೊ ಆಮ್ಲ. ಬಿಟ್ಟುಹೋದರೆ ಆರನೇ ಎಕ್ಸಾನ್ ನೇರವಾಗಿ ಎಂಟನೆಯದಕ್ಕೆ ಅಂಟಿಕೊಳ್ಳುತ್ತದೆ. ಆಗ ಓದು ಹೀಗೆ ಸಾಗುತ್ತದೆ: ಜಿಎಎ, ಎಟಿಜಿ, ಸಿಟಿಜಿ, ಜಿಸಿಎ, ಟಿಎಜಿ. ಗ್ಲುಟಮೇಟ್, ಮೆಥಿಯೊನಿನ್, ಲ್ಯೂಸಿನ್, ಅಲನಿನ್, ನಿಲುಗಡೆ. ಹದಿನಾರರ ಬದಲು ನಾಲ್ಕು ಬಂದವು, ಒಟ್ಟು 282. ಡೆಲ್ಟಾ-7 ಎಂದು ಕರೆಯುವ ಈ ಗಿಡ್ಡ ರೂಪ ಜೀವಕೋಶದಲ್ಲಿ ಬಾಳುವುದಿಲ್ಲ, ಬೇಗ ಒಡೆದುಹೋಗುತ್ತದೆ.

ಆರ್‌ಎನ್‌ಎ ಉಳಿಯುತ್ತದೆಯೇ ಎಂಬುದನ್ನೂ ಇಲ್ಲೇ ಲೆಕ್ಕ ಹಾಕಬಹುದು. ಕೊನೆಯ ಜೋಡಣೆ ಬಿಂದುವಿಗಿಂತ ಸುಮಾರು 50–55 ಬೇಸ್‌ಗೂ ಹಿಂದೆ ನಿಲುಗಡೆ ಬಂದರೆ ಜೀವಕೋಶ ಆ ಆರ್‌ಎನ್‌ಎಯನ್ನು ದೋಷಯುತವೆಂದು ಗುರುತಿಸಿ ನಾಶಮಾಡುವ ಸಾಧ್ಯತೆ ಹೆಚ್ಚು. ಪೂರ್ಣ ರೂಪದಲ್ಲಿ ನಿಲುಗಡೆಯಿಂದ ಕೊನೆಯ ಜೋಡಣೆಗೆ ಇರುವ ಅಂತರ ಮೂರೇ ಬೇಸ್. ಡೆಲ್ಟಾ-7ರಲ್ಲಿ ನಿಲುಗಡೆ ಕೊನೆಯ ಎಕ್ಸಾನ್‌ನೊಳಗೇ ಇದೆ. ಹಾಗಾಗಿ ಎರಡೂ ಈ ತಪಾಸಣೆಯನ್ನು ದಾಟುತ್ತವೆ, ಎರಡನ್ನೂ ಅಳೆಯಬಹುದು. ಬೇರೆ ಜೀನ್ ಆರಿಸಿಕೊಂಡವರು ಈ ಲೆಕ್ಕ ಬಿಟ್ಟರೆ, ಒಂದು ರೂಪ ತಯಾರಾಗಿಯೂ ಜೆಲ್‌ನಲ್ಲಿ ಕಾಣದೆ ಹೋದಾಗ ಕಾರಣ ಹೊಳೆಯುವುದಿಲ್ಲ.

ಎಕ್ಸಾನ್ ಏಕೆ ಬಿಟ್ಟುಹೋಗುತ್ತದೆ

ಐದನೇ ಕ್ರೋಮೋಸೋಮಿನಲ್ಲಿ ಎಸ್‌ಎಂಎನ್1 ಮತ್ತು ಎಸ್‌ಎಂಎನ್2 ಎಂಬ ಬಹುತೇಕ ಒಂದೇ ಥರದ ಎರಡು ಜೀನ್‌ಗಳಿವೆ. 1995ರಲ್ಲಿ ಇವು ಪತ್ತೆಯಾದವು. ಏಳನೇ ಎಕ್ಸಾನ್‌ನ ಆರನೇ ಬೇಸ್ ಎಸ್‌ಎಂಎನ್1ರಲ್ಲಿ ಸಿ, ಎಸ್‌ಎಂಎನ್2ರಲ್ಲಿ ಟಿ. ಟಿಟಿಸಿ ಆದರೂ ಟಿಟಿಟಿ ಆದರೂ ಸಿಗುವುದು ಫಿನೈಲ್‌ಅಲನಿನ್ನೇ. ಅಮೈನೊ ಆಮ್ಲಗಳನ್ನಷ್ಟೇ ನೋಡುವವರಿಗೆ ಇದು ಏನೂ ಅಲ್ಲದ ಬದಲಾವಣೆ. ಸ್ಪ್ಲೈಸಿಂಗ್ ಯಂತ್ರಕ್ಕೆ ಮಾತ್ರ ಅದೇ ನಿರ್ಣಾಯಕ: ಸಿ ಇದ್ದಲ್ಲಿ ಎಸ್‌ಆರ್‌ಎಸ್‌ಎಫ್1 ಎಂಬ ಪ್ರೋಟೀನ್ ಕೂತು ಎಕ್ಸಾನನ್ನು ಸೇರಿಸಲು ನೆರವಾಗುತ್ತದೆ, ಟಿ ಬಂದಾಗ ಆ ಹಿಡಿತ ಸಡಿಲವಾಗಿ, ಎಚ್‌ಎನ್‌ಆರ್‌ಎನ್‌ಪಿ ಎ1 ಎಂಬ ತಡೆ ಪ್ರೋಟೀನ್‌ಗೆ ಜಾಗವಾಗುತ್ತದೆ. ಎರಡೂ ವಿವರಣೆಗಳಿಗೆ ಪ್ರಯೋಗದ ಬೆಂಬಲವಿದೆ.

ಎಕ್ಸಾನ್‌ನ ಕೊನೆಯೂ ದುರ್ಬಲ. ಇಂಟ್ರಾನ್ (ಎಕ್ಸಾನ್‌ಗಳ ನಡುವೆ ಇದ್ದು ಕತ್ತರಿಸಿಹೋಗುವ ಭಾಗ) ಶುರುವಾಗುವ ಗಡಿಯನ್ನು ಯು1 ಎಂಬ ಕಣ ತನ್ನ ಆರ್‌ಎನ್‌ಎ ಜೋಡಿಸಿ ಗುರುತಿಸುತ್ತದೆ. ಗಡಿಗೆ ತಾಗಿದ ಎಕ್ಸಾನ್ ಬೇಸ್ ಸಾಮಾನ್ಯವಾಗಿ ಜಿ ಆಗಿರುತ್ತದೆ, ಇಲ್ಲಿ ಎ ಇದೆ; ಹಾಗಾಗಿ ಜೋಡಣೆ ಬಿಗಿಯಾಗುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಅನುಮೋದನೆ ಪಡೆದ ರಿಸ್‌ಡಿಪ್ಲಾಮ್ ಎಂಬ ಔಷಧ ಬಲಪಡಿಸುವುದು ಈ ಸಡಿಲ ಜೋಡಣೆಯನ್ನೇ. 2016ರಲ್ಲಿ ಬಂದ ನುಸಿನರ್ಸೆನ್‌ನ ದಾರಿ ಬೇರೆ. ಅದು 18 ಬೇಸ್‌ಗಳ ಆಂಟಿಸೆನ್ಸ್ ತುಣುಕು, ಅಂದರೆ ಆರ್‌ಎನ್‌ಎಗೆ ಜೋಡಿಯಾಗಿ ಅಂಟುವ ತುಣುಕು. ಏಳನೇ ಇಂಟ್ರಾನ್‌ನ ಆರಂಭದಲ್ಲಿರುವ ತಡೆ ಪ್ರೋಟೀನ್‌ಗಳ ತಾಣವನ್ನು ಮುಚ್ಚುತ್ತದೆ. ಎಸ್‌ಎಂಎನ್1 ಕಳೆದುಕೊಂಡು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯು ಸೊರಗುವ ಕಾಯಿಲೆ ಬಂದ ಮಕ್ಕಳಿಗೆ ಎರಡೂ ಔಷಧ. ನಿಮ್ಮ ಪ್ರಯೋಗಕ್ಕೆ ರಿಸ್‌ಡಿಪ್ಲಾಮ್ ಒಳ್ಳೆಯ ಧನಾತ್ಮಕ ಕಂಟ್ರೋಲ್.

ಜೀವಕೋಶ ಮತ್ತು ಆರ್‌ಎನ್‌ಎ

ಹೆಚ್ಚಿನವರ ಜೀವಕೋಶಗಳಲ್ಲಿ ಎಸ್‌ಎಂಎನ್1, ಎಸ್‌ಎಂಎನ್2 ಎರಡೂ ಇರುವುದರಿಂದ ಎರಡರ ಆರ್‌ಎನ್‌ಎಯೂ ಒಂದೇ ಬ್ಯಾಂಡಿಗೆ ಬಂದು ಸೇರುತ್ತದೆ. ಎಸ್‌ಎಂಎನ್1 ಇಲ್ಲದ ರೋಗಿಯ ಫೈಬ್ರೊಬ್ಲಾಸ್ಟ್ (ಚರ್ಮದಿಂದ ಬೆಳೆಸಿದ) ಜೀವಕೋಶಗಳಲ್ಲಿ ಶುರುಮಾಡಿದರೆ ಈ ತೊಡಕಿಲ್ಲ. ಕೋರಿಯಲ್ ಜೀವಕೋಶ ಸಂಗ್ರಹದ ಜಿಎಂ03813 ಬಹಳ ಕಡೆ ಬಳಕೆಯಲ್ಲಿದೆ. ಒಂದು ತಟ್ಟೆಗೆ 24 ಗಂಟೆ ರಿಸ್‌ಡಿಪ್ಲಾಮ್ ಕೊಡಿ, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಡಿಎಂಎಸ್‌ಒ (ಔಷಧ ಕರಗಿಸಿದ ದ್ರಾವಕ) ಮಾತ್ರ.

ಆರ್‌ಎನ್‌ಎ ತೆಗೆಯಲು ಟ್ರೈಜಾಲ್ ಬಳಸುವುದಾದರೆ 50 ಲಕ್ಷದಿಂದ ಒಂದು ಕೋಟಿ ಜೀವಕೋಶಗಳಿಗೆ 1 ಮಿಲಿಲೀಟರ್. ಫ್ಯೂಮ್ ಹುಡ್‌ನೊಳಗೇ ಕೆಲಸ ಮಾಡಿ, ಅದರಲ್ಲಿ ಫೀನಾಲ್ ಇದೆ. 0.2 ಮಿಲಿಲೀಟರ್ ಕ್ಲೋರೊಫಾರಂ ಹಾಕಿ ಕುಲುಕಿ, 12,000 ಜಿ ವೇಗದಲ್ಲಿ 4 ಡಿಗ್ರಿಯಲ್ಲಿ 15 ನಿಮಿಷ ತಿರುಗಿಸಿ. ಮೇಲಿನ ಪದರವನ್ನು ಪೂರ್ತಿ ಎಳೆಯುವ ಆಸೆ ಬೇಡ. ನಡುವಿನ ಬಿಳಿ ಪದರ ತಾಗಿದರೆ ಡಿಎನ್‌ಎಯೂ ಜೊತೆಗೆ ಬರುತ್ತದೆ. 0.5 ಮಿಲಿಲೀಟರ್ ಐಸೊಪ್ರೊಪನಾಲ್‌ನಿಂದ ಆರ್‌ಎನ್‌ಎ ಇಳಿಸಿ, ಶೇ 75 ಎಥನಾಲ್‌ನಿಂದ ತೊಳೆಯಿರಿ. 260/280 ಅನುಪಾತ 2ರ ಆಸುಪಾಸಿನಲ್ಲಿರಬೇಕು. ಪ್ರತಿ ಮೈಕ್ರೋಗ್ರಾಂ ಆರ್‌ಎನ್‌ಎಗೆ 1 ಯೂನಿಟ್ ಡಿಎನ್‌ಏಸ್ ಹಾಕಿ, ಮುಗಿದ ಮೇಲೆ ಅದನ್ನು ನಿಷ್ಕ್ರಿಯಗೊಳಿಸಿ.

ಸಿಡಿಎನ್‌ಎಗೆ (ಆರ್‌ಎನ್‌ಎಯಿಂದ ನಕಲಿಸಿದ ಡಿಎನ್‌ಎ) 1 ಮೈಕ್ರೋಗ್ರಾಂ ಆರ್‌ಎನ್‌ಎ, ರ‍್ಯಾಂಡಮ್ ಹೆಕ್ಸಮರ್, ಒಟ್ಟು 20 ಮೈಕ್ರೋಲೀಟರ್. ಪ್ರತಿ ಮಾದರಿಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಹಾಕದ ಇನ್ನೊಂದು ಟ್ಯೂಬ್ ಜೊತೆಗಿರಲೇಬೇಕು.

ಪ್ರೈಮರ್ ಎಲ್ಲಿ ಕೂರಬೇಕು

ಮುಂದಿನ (ಫಾರ್ವರ್ಡ್) ಪ್ರೈಮರ್ ಆರನೇ ಎಕ್ಸಾನ್‌ನಲ್ಲಿ, ಹಿಂದಿನದು (ರಿವರ್ಸ್) ಎಂಟನೆಯದರಲ್ಲಿ. ಏಳನೆಯದು ಸೇರಲಿ ಬಿಡಲಿ, ಒಂದೇ ಜೋಡಿ ಎರಡನ್ನೂ ಹಿಗ್ಗಿಸುತ್ತದೆ. ಆರರಲ್ಲಿ 90 ಬೇಸ್, ಎಂಟರಲ್ಲಿ 110 ಬೇಸ್ ಒಳಗೆ ಬರುವಂತೆ ಇಟ್ಟರೆ ಗಿಡ್ಡ ರೂಪ 200, ಪೂರ್ಣ ರೂಪ 254. ಆರನೇ ಇಂಟ್ರಾನ್ ಐದು ಸಾವಿರ ಬೇಸ್‌ಗಿಂತ ಉದ್ದ, ಆದ್ದರಿಂದ 30 ಸೆಕೆಂಡಿನ ವಿಸ್ತರಣೆಯಲ್ಲಿ ಡಿಎನ್‌ಎ ಬೆರಕೆ ಹಿಗ್ಗುವುದಿಲ್ಲ. ಏಳನೇ ಇಂಟ್ರಾನ್ ಇರುವುದು 444 ಬೇಸ್ ಮಾತ್ರ. ಯಾರಾದರೂ ಮುಂದಿನ ಪ್ರೈಮರನ್ನು ಏಳನೇ ಎಕ್ಸಾನ್‌ನಲ್ಲಿ ಇಟ್ಟರೆ ಬೆರಕೆ ಡಿಎನ್‌ಎ ಸಲೀಸಾಗಿ ಹಿಗ್ಗಿ, ‘ಇಂಟ್ರಾನ್ ಉಳಿದುಕೊಂಡ ಹೊಸ ರೂಪ’ ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ. ಕಿಣ್ವ ಹಾಕದ ಟ್ಯೂಬ್ ಅಲ್ಲಿ ಕೈಹಿಡಿಯುತ್ತದೆ.

ರಿಯಲ್‌ಟೈಮ್ ಪಿಸಿಆರ್‌ಗೆ ಜೋಡಣೆಯ ಮೇಲೇ ಕೂರುವ ಪ್ರೈಮರ್ ಬೇಕು. ಇಲ್ಲೊಂದು ಸಣ್ಣ ಬಲೆ ಇದೆ. ಏಳನೇ ಎಕ್ಸಾನ್ ಜಿಜಿಟಿ ಎಂದು, ಎಂಟನೆಯದು ಜಿಎಎ ಎಂದು ಶುರುವಾಗುತ್ತವೆ. ಎರಡಕ್ಕೂ ಮೊದಲ ಬೇಸ್ ಜಿ! ಆರನೇ ಎಕ್ಸಾನ್ ದಾಟಿ ಒಂದೇ ಬೇಸ್ ಮುಂದೆ ಹೋದ ಪ್ರೈಮರ್ ಎರಡೂ ರೂಪಗಳಿಗೆ ಅಂಟುತ್ತದೆ. ಕನಿಷ್ಠ ನಾಲ್ಕೈದು ಬೇಸ್ ಗಡಿ ದಾಟಲಿ. ಗಿಡ್ಡ ರೂಪದ ಪ್ರೈಮರನ್ನು ಶುದ್ಧ ಪೂರ್ಣ ರೂಪದ ಪ್ಲಾಸ್ಮಿಡ್ ಮೇಲೆ ಓಡಿಸಿ, ಏನೂ ಹಿಗ್ಗದಿರುವುದನ್ನು ನೋಡಿಕೊಂಡೇ ಮುಂದುವರಿಯಿರಿ.

ಪಿಸಿಆರ್ ಮತ್ತು ಜೆಲ್

25 ಮೈಕ್ರೋಲೀಟರ್ ಮಿಶ್ರಣಕ್ಕೆ ಸಿಡಿಎನ್‌ಎ 1 ಮೈಕ್ರೋಲೀಟರ್, ತಲಾ 0.4 ಮೈಕ್ರೋಮೋಲಾರ್ ಪ್ರೈಮರ್, 0.2 ಮಿಲಿಮೋಲಾರ್ ಡಿಎನ್‌ಟಿಪಿ, 1.5 ಮಿಲಿಮೋಲಾರ್ ಮೆಗ್ನೀಸಿಯಂ. 95 ಡಿಗ್ರಿಯಲ್ಲಿ 2 ನಿಮಿಷ. ನಂತರ 95, 58, 72 ಡಿಗ್ರಿಗಳಲ್ಲಿ ತಲಾ 30 ಸೆಕೆಂಡ್. 58 ಎಂಬುದು ನಿಮ್ಮ ಪ್ರೈಮರ್ ನೋಡಿ ಬದಲಾಗಬಹುದು.

ಸುತ್ತು ಎಷ್ಟು ಎಂಬುದರಲ್ಲೇ ಎಲ್ಲ ಇದೆ. 35 ಸುತ್ತು ಓಡಿಸಿ ಹೊಳೆಯುವ ಬ್ಯಾಂಡ್ ಪಡೆಯುವುದು ಸುಲಭ, ಆ ಬ್ಯಾಂಡುಗಳ ಅನುಪಾತ ಮಾತ್ರ ನಂಬುವಂಥದ್ದಲ್ಲ. ಪ್ರೈಮರ್ ಮುಗಿಯುತ್ತ ಬಂದಂತೆ ಅನುಪಾತ ತಿರುಚಿಕೊಳ್ಳುತ್ತದೆ, ಗಿಡ್ಡ ತುಣುಕಿಗೆ ಅನುಕೂಲ ಹೆಚ್ಚುತ್ತದೆ. ಒಂದೇ ಮಾದರಿಯನ್ನು 22, 24, 26, 28, 30 ಸುತ್ತುಗಳಲ್ಲಿ ನಿಲ್ಲಿಸಿ ನೋಡಿ. ಬ್ಯಾಂಡ್ ಇನ್ನೂ ಏರುತ್ತಿರುವ, ಅನುಪಾತ ಬದಲಾಗದಿರುವ ಹಂತವೇ ನಿಮ್ಮದು. ಇದಕ್ಕೆ ಒಂದು ದಿನ ಹೋಗುತ್ತದೆ ಎಂದು ಬಿಟ್ಟವರು ಆಮೇಲೆ ಇಡೀ ಪ್ರಯೋಗವನ್ನೇ ಮತ್ತೆ ಮಾಡಬೇಕಾಗುತ್ತದೆ.

ಜೆಲ್ ಶೇ 2.5 ಇರಲಿ: 50 ಮಿಲಿಲೀಟರ್ ಬಫರ್‌ಗೆ 1.25 ಗ್ರಾಂ ಅಗರೋಸ್. ಪ್ರತಿ ಸೆಂಟಿಮೀಟರ್‌ಗೆ 5 ವೋಲ್ಟ್ ಸಾಕು, ಅವಸರ ಮಾಡಿದರೆ ಬ್ಯಾಂಡ್ ನಗುಮುಖವಾಗಿ ಬಾಗುತ್ತದೆ.

ಹೆಚ್ಚು ಸುತ್ತು ಓಡಿಸಿದ ಜೆಲ್‌ಗಳಲ್ಲಿ 254ರ ಮೇಲೆ ಮೂರನೇ ಬ್ಯಾಂಡ್ ಬರುತ್ತದೆ. ಅದು ಹೊಸ ರೂಪವಲ್ಲ. ಉದ್ದ ರೂಪದ ಒಂದು ಎಳೆ ಗಿಡ್ಡ ರೂಪದ ಇನ್ನೊಂದು ಎಳೆಯೊಂದಿಗೆ ಹೆಣೆದುಕೊಂಡು, ಜೊತೆ ಸಿಗದ 54 ಬೇಸ್ ಕುಣಿಕೆಯಾಗಿ ಹೊರಚಾಚಿರುತ್ತದೆ. ಆ ಆಕಾರದಿಂದಾಗಿ ಜೆಲ್‌ನಲ್ಲಿ ನಿಧಾನ ಚಲಿಸುತ್ತದೆ. ಅನುಮಾನವಿದ್ದರೆ ಆ ಬ್ಯಾಂಡನ್ನು ಕತ್ತರಿಸಿ ಮತ್ತೆ ಹಿಗ್ಗಿಸಿ: 254 ಮತ್ತು 200 ಎರಡೂ ಬಂದರೆ ಸಂಶಯ ತೀರಿತು. ಪರಿಹಾರವೆಂದರೆ ಸುತ್ತು ಕಡಿಮೆ ಮಾಡುವುದು, ಇಲ್ಲವೇ ಉತ್ಪನ್ನವನ್ನು ಹತ್ತು ಪಟ್ಟು ತೆಳುಮಾಡಿ ಹೊಸ ಮಿಶ್ರಣದಲ್ಲಿ ಎರಡು ಮೂರು ಸುತ್ತು ಮಾತ್ರ ಓಡಿಸುವುದು.

ಅನುಪಾತದ ಲೆಕ್ಕ

ಎಥಿಡಿಯಂ ಬ್ರೊಮೈಡ್ ಆಗಲಿ, ಅದರ ಬದಲಿಗೆ ಬಂದ ಬಣ್ಣಗಳಾಗಲಿ ಉದ್ದ ತುಣುಕಿಗೆ ಹೆಚ್ಚು ಅಂಟುತ್ತವೆ. ಹೊಳಪನ್ನು ಉದ್ದದಿಂದ ಭಾಗಿಸದೆ ಹೋಲಿಸಬೇಡಿ. 254ರ ಬ್ಯಾಂಡ್ 5,080, 200ರ ಬ್ಯಾಂಡ್ 6,000 ತೋರಿಸಿತು ಎನ್ನೋಣ. 5,080ನ್ನು 254ರಿಂದ ಭಾಗಿಸಿದರೆ 20. 6,000ವನ್ನು 200ರಿಂದ ಭಾಗಿಸಿದರೆ 30. ಎಕ್ಸಾನ್ ಸೇರಿದ ಪ್ರಮಾಣ 50ರಲ್ಲಿ 20, ಅಂದರೆ ಶೇ 40. ಭಾಗಿಸದೆ ನೇರವಾಗಿ ಲೆಕ್ಕ ಹಾಕಿದ್ದರೆ ಶೇ 46 ಬರುತ್ತಿತ್ತು. ಎರಡೂ ರೂಪಗಳ ಕ್ಲೋನ್‌ಗಳನ್ನು 25:75, 50:50, 75:25ರಂತೆ ಬೆರೆಸಿ ಅದೇ ಜೆಲ್‌ನಲ್ಲಿ ಓಡಿಸಿದರೆ ನಿಮ್ಮ ಅಳತೆ ಎಷ್ಟು ವಾಲುತ್ತದೆ ಎಂದು ತಿಳಿಯುತ್ತದೆ.

ಎಸ್‌ಎಂಎನ್2 ಪೂರ್ಣ ರೂಪ ಕೊಡುವುದು ಸುಮಾರು ಶೇ 10 ಎಂದು ಎಲ್ಲೆಡೆ ಓದಿರುತ್ತೀರಿ. ಜೆಲ್‌ನಲ್ಲಿ ಅದೇ ಅಂಕಿ ಬರಬೇಕೆಂದು ಹಟ ಹಿಡಿಯಬೇಡಿ. ಅಂಗಾಂಶದಿಂದ ಅಂಗಾಂಶಕ್ಕೆ ಇದು ಬದಲಾಗುತ್ತದೆ. ನೋಡಬೇಕಾದ್ದು ಔಷಧ ಕೊಟ್ಟ ತಟ್ಟೆಗೂ ಕೊಡದ ತಟ್ಟೆಗೂ ಇರುವ ವ್ಯತ್ಯಾಸ.

ಎಸ್‌ಎಂಎನ್1 ಇರುವ ಜೀವಕೋಶದಲ್ಲೇ ಕೆಲಸ ಮಾಡಬೇಕಾದವರಿಗೆ ಒಂದು ದಾರಿ ಇದೆ. ಎಂಟನೇ ಎಕ್ಸಾನ್‌ನಲ್ಲಿರುವ ಒಂದು ಬೇಸ್ ವ್ಯತ್ಯಾಸದಿಂದಾಗಿ ಡಿಡಿಇ-1 ಎಂಬ ಕತ್ತರಿಸುವ ಕಿಣ್ವಕ್ಕೆ ಎಸ್‌ಎಂಎನ್2ರಲ್ಲಿ ಮಾತ್ರ ತಾಣ ಸಿಗುತ್ತದೆ. ಮೇಲೆ ಹೇಳಿದ 110 ಬೇಸ್ ಇದಕ್ಕೆ ಸಾಲದು. ಹಿಂದಿನ ಪ್ರೈಮರ್ ಆ ತಾಣವನ್ನು ದಾಟಿ ಕೂರಬೇಕು. ಕತ್ತರಿಸುವಿಕೆ ಅರ್ಧಕ್ಕೆ ನಿಂತರೆ ಉಳಿದ ಎಸ್‌ಎಂಎನ್2 ತುಣುಕು ಎಸ್‌ಎಂಎನ್1ರಂತೆ ಕಾಣುತ್ತದೆ. ಜಿಎಂ03813ರ ಉತ್ಪನ್ನವನ್ನೂ ಪಕ್ಕದಲ್ಲೇ ಕತ್ತರಿಸಿ, ಅದರಲ್ಲಿ ಏನೂ ಉಳಿಯದಿರುವುದನ್ನು ಖಚಿತಪಡಿಸಿಕೊಳ್ಳಿ.

ಪ್ರೋಟೀನ್ ನೋಡದೆ ಪ್ರೋಟೀನ್ ಬಗ್ಗೆ ಹೇಳಬೇಡಿ

ಇಷ್ಟೆಲ್ಲ ಅಳೆದದ್ದು ಆರ್‌ಎನ್‌ಎಯನ್ನು. ಶೇ 40 ಪೂರ್ಣ ಆರ್‌ಎನ್‌ಎ ಇದೆ ಎಂದರೆ ಶೇ 40 ಪೂರ್ಣ ಪ್ರೋಟೀನ್, ಶೇ 60 ಗಿಡ್ಡ ಪ್ರೋಟೀನ್ ಎಂದು ಅರ್ಥವಲ್ಲ. ಗಿಡ್ಡದ್ದು ಬೇಗ ಒಡೆದುಹೋಗುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಎಸ್‌ಎಂಎನ್ ಸುಮಾರು 38 ಕಿಲೊಡಾಲ್ಟನ್ ಬಳಿ ಕಾಣುತ್ತದೆ. ಎರಡು ರೂಪಗಳ ನಡುವಿನ ಅಂತರ 12 ಅಮೈನೊ ಆಮ್ಲ, ಒಂದೂವರೆ ಕಿಲೊಡಾಲ್ಟನ್‌ಗಿಂತಲೂ ಕಡಿಮೆ. ಸಾಮಾನ್ಯ ಮಿನಿ ಜೆಲ್‌ನಲ್ಲಿ ಬೇರೆಯಾಗುವುದು ಕಷ್ಟ. ಎರಡಕ್ಕೂ ಸಮಾನವಾದ ಭಾಗವನ್ನು ಹಿಡಿಯುವ ಆಂಟಿಬಾಡಿ ಬಳಸಿದರೆ ನೀವು ಕಾಣುವುದು ಒಟ್ಟು ಪ್ರೋಟೀನ್ ಎಂದೇ ಬರೆಯಿರಿ.

ಈ ವಿಧಾನ ಎಲ್ಲ ಜೀನ್‌ಗಳಿಗೂ ಹೊಂದುವುದಿಲ್ಲ. ಪಿಕೆಎಂ ಜೀನ್ 9ನೇ ಎಕ್ಸಾನ್ ಇಟ್ಟುಕೊಂಡರೆ ಪಿಕೆಎಂ1, 10ನೆಯದನ್ನು ಇಟ್ಟುಕೊಂಡರೆ ಪಿಕೆಎಂ2 ಕೊಡುತ್ತದೆ. ಎರಡು ಎಕ್ಸಾನ್‌ಗಳೂ ಸರಿಯಾಗಿ 167 ಬೇಸ್. ಜೆಲ್‌ನಲ್ಲಿ ಒಂದೇ ಬ್ಯಾಂಡ್. ಪಿಕೆಎಂ2ನ್ನು ಮಾತ್ರ ಕತ್ತರಿಸುವ ಪಿಎಸ್‌ಟಿ-1 ಕಿಣ್ವ ಹಾಕಿದಾಗಷ್ಟೇ ಬೇರೆಯಾಗುತ್ತವೆ. ಹಣ್ಣುನೊಣದ ಡಿಸ್ಕ್ಯಾಮ್1 ಇನ್ನೂ ಕಠಿಣ: ನಾಲ್ಕು ಕಡೆ ಕ್ರಮವಾಗಿ 12, 48, 33, 2 ಪರ್ಯಾಯ ಎಕ್ಸಾನ್‌ಗಳಿದ್ದು, ಪ್ರತಿ ಕಡೆಯಿಂದ ಒಂದೊಂದೇ ಉಳಿಯುತ್ತದೆ. ಗುಣಿಸಿದರೆ 38,016 ಸಾಧ್ಯತೆ. ಒಂದು ಜೋಡಣೆಯನ್ನು ಎಷ್ಟೇ ನಿಖರವಾಗಿ ಅಳೆದರೂ, ಒಂದೇ ಆರ್‌ಎನ್‌ಎಯಲ್ಲಿ ಯಾವ ನಾಲ್ಕು ಜೊತೆಯಾಗಿವೆ ಎಂದು ತಿಳಿಯದು. ಅಲ್ಲಿ ಇಡೀ ಆರ್‌ಎನ್‌ಎಯನ್ನು ಒಂದೇ ಉಸಿರಿಗೆ ಓದುವ ಲಾಂಗ್ ರೀಡ್ ಸೀಕ್ವೆನ್ಸಿಂಗ್ ಬೇಕು.