ಅಂಗಳಕ್ಕೆ ಹಂದರ, ಪಡುವಣಕ್ಕೆ ಲಾವಂಚದ ತಟ್ಟಿ

ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣಗಿರುತ್ತದೆ. ಅಂಗಳ ತಂಪಾಗಲು ಈ ಒಣಗಾಳಿಯೇ ಆಸರೆ. ಆದರೆ ಮೊದಲು ನೆರಳು, ಆಮೇಲೆ ನೀರು. ನೆರಳಿಲ್ಲದೆ ಎಷ್ಟು ನೀರು ಚಿಮುಕಿಸಿದರೂ ವ್ಯರ್ಥ.

12 ಅಡಿ ಉದ್ದ, 10 ಅಡಿ ಅಗಲದ ಹಂದರಕ್ಕೆ ಆರು ಕಂಬ ಸಾಕು. ಎರಡು ಅಡಿ ಆಳ ಹೂಳಿ, ಸುತ್ತ ಕಲ್ಲು ಬಡಿದು ಬಿಗಿಮಾಡಿ. ಪಡುವಣದ ಕಂಬಗಳು ನೆಲದಿಂದ ಆರೂವರೆ ಅಡಿ, ಮೂಡಣದವು ಎಂಟು ಅಡಿ ಇರಲಿ: ಸಂಜೆಬಿಸಿಲು ಒಳಗೆ ನುಗ್ಗದು, ಬಿಸಿಗಾಳಿ ಎತ್ತರದ ಕಡೆಯಿಂದ ಹೊರಬೀಳುತ್ತದೆ. ಒಂದೂವರೆ ಅಡಿಗೊಂದರಂತೆ ಬಿದಿರಿನ ಗಳ ಕಟ್ಟಿ, ಮೇಲೆ ನಾಲ್ಕು ಇಂಚು ದಪ್ಪಕ್ಕೆ ತೊಗರಿ ಕಟ್ಟಿಗೆ ಅಡ್ಡಡ್ಡ ಹರಡಿ. ತಗಡು ಬೇಡ; ಕಾದ ತಗಡು ತಲೆಯ ಮೇಲೆ ಕೆಂಡದಂತೆ ಶಾಖ ಸುರಿಸುತ್ತದೆ. ಮುಂಗಾರುಪೂರ್ವ ಬಿರುಗಾಳಿಗೆ ಹೊದಿಕೆ ಹಾರದಂತೆ ಮೇಲಿಂದ ಹಗ್ಗ ಬಿಗಿಯಿರಿ. ಒಲೆ, ವಿದ್ಯುತ್ ತಂತಿ ದೂರವಿರಲಿ.

ಇನ್ನು ತಟ್ಟಿ, ಅಂದರೆ ಗಾಳಿ ಬೀಸುವ ಕಡೆ ನಿಲ್ಲಿಸುವ ಒದ್ದೆ ಬೇರಿನ ಪರದೆ. ಕೋಲಿಗೆ ಬಟ್ಟೆಯ ಚೂರು ಕಟ್ಟಿ ಎರಡು ಮೂರು ಮಧ್ಯಾಹ್ನ ಗಾಳಿಯ ದಿಕ್ಕು ನೋಡಿ. ಸಾಮಾನ್ಯವಾಗಿ ಪಡುವಣ ಇಲ್ಲವೇ ವಾಯವ್ಯ. 6 ಅಡಿ x 4 ಅಡಿ ಬಿದಿರಿನ ಚೌಕಟ್ಟಿಗೆ ಲಾವಂಚದ ಬೇರನ್ನು ಒಂದೂವರೆ ಇಂಚು ದಪ್ಪ ತುಂಬಿ, ಹುರಿಯಿಂದ ಹೆಣೆಯಿರಿ. ಒತ್ತಾಗಿ ತುರುಕಿದರೆ ಗಾಳಿ ತೂರದೆ ತಟ್ಟಿ ಬರೀ ಒದ್ದೆ ಗೋಡೆಯಾಗುತ್ತದೆ. ಮೊದಲ ರಾತ್ರಿ ಪೂರ್ತಿ ನೆನೆಸಿಡಿ. ಮೇಲ್ಗಡೆ ಎರಡು ಇಂಚಿಗೊಂದು ಸಣ್ಣ ತೂತಿರುವ ಪೈಪು, ಕೆಳಗೊಂದು ತೊಟ್ಟಿ ಇಡಿ. ಗಾಳಿ ಚೆನ್ನಾಗಿ ಬೀಸುವಾಗ ಗಂಟೆಗೆ 10-15 ಲೀಟರ್ ನೀರು ಆವಿಯಾಗುತ್ತದೆ.

ಹೊರಗೆ 40 ಡಿಗ್ರಿ ಶಾಖ, ಗಾಳಿಯಲ್ಲಿ ಶೇ. 20 ತೇವಾಂಶ ಇದ್ದರೆ ನೀರಿನಿಂದ ಗಾಳಿ ತಣಿಯುವ ಕೊನೆಯ ಮಿತಿ ಸುಮಾರು 22 ಡಿಗ್ರಿ. ತಟ್ಟಿ ಅಷ್ಟಕ್ಕೆ ಇಳಿಸದು. ಅದರ ಹತ್ತಿರ ಕೂತವರಿಗೆ 6-8 ಡಿಗ್ರಿ ಇಳಿದರೂ ಜೀವ ಹಾಯೆನಿಸುತ್ತದೆ. ಆದರೆ ಮೂಡಣದ ಕಡೆ ಪೂರ್ತಿ ತೆರೆದಿರಬೇಕು. ನಾಲ್ಕೂ ಕಡೆ ಮುಚ್ಚಿದರೆ ತೇವ ಒಳಗೇ ನಿಂತು ಬೆವರು ಆರದೆ ಸೆಕೆ ಹೆಚ್ಚುತ್ತದೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಬೇರಿಗೆ ಬಿಳಿ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ವಾರಕ್ಕೊಮ್ಮೆ ಸಿಹಿನೀರು ಸುರಿದು ತೊಳೆಯಿರಿ. ಸಂಜೆ ನೀರು ನಿಲ್ಲಿಸಿ ತಟ್ಟಿ ಒಣಗಿಸದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ತೊಟ್ಟಿಯನ್ನು ದಿನಾ ಬರಿದು ಮಾಡಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ.

ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಸೂರ್ಯ ಇಳಿದ ಮೇಲೆ ಎರಡು ಸಲ ನೀರು ಚಿಮುಕಿಸಿ. ಹಗಲಿಡೀ ಕುಡಿದ ಶಾಖವನ್ನು ಕಲ್ಲು ಬೇಗ ಬಿಟ್ಟು, ರಾತ್ರಿ ಚಾಪೆ ಹಾಸುವಷ್ಟು ತಣಿಯುತ್ತದೆ.