ಪುಕ್ಕಟೆ ಕೋಡಿಂಗ್ ಟೂಲು, ಅದರ ಖರ್ಚು ನಿಮ್ಮದು: ಕೀ ಕೊಡುವ ಮುಂಚೆ ಇಷ್ಟು ಮಾಡಿ

ದಾವಣಗೆರೆ ವಿದ್ಯಾನಗರದ ನಮ್ಮ ಪುಟ್ಟ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಬರುವ ಹುಡುಗನೊಬ್ಬ ಒಂದು ಸೋಮವಾರ ಬೆಳಿಗ್ಗೆ ಮುಖ ಸಪ್ಪೆ ಮಾಡಿಕೊಂಡು ಬಂದ. "ಸರ್, ರಾತ್ರಿ ನಾನೇನೂ ಮಾಡಿಲ್ಲ, ಮಲ್ಕಂಡಿದ್ದೆ. ಎದ್ದು ನೋಡಿದ್ರೆ ಮೂರು ಸಲ ದುಡ್ಡು ಕಟ್ ಆಗೈತಿ. ಕಾರ್ಡ್ ಅಪ್ಪಾಜಿದು ಸರ್" ಅಂದ.

ಲಾಗ್ ತೆಗೆದು ನೋಡಿದೆವು. ಅವನು ಹಾಕಿಕೊಂಡಿದ್ದು ಒಂದು ಓಪನ್ ಸೋರ್ಸ್ ಎಐ ಕೋಡಿಂಗ್ ಟೂಲು. ಟೂಲು ಪುಕ್ಕಟೆ, ಆದರೆ ಅದು ಬಳಸುವ ಎಐ ಮಾಡೆಲ್‌ಗೆ ದುಡ್ಡು ಕೊಡಬೇಕು. ಆ ಬಳಕೆಯನ್ನು ನಿಮ್ಮ ಬಿಲ್ಲಿಗೆ ಹಾಕುವ ಗುಟ್ಟಿನ ಸಂಕೇತವೇ ಕೀ. ನಾಲ್ಕೈದು ಏಜೆಂಟ್‌ಗಳನ್ನು, ಅಂದರೆ ತಾವಾಗಿಯೇ ಕೆಲಸ ಮಾಡುತ್ತಾ ಹೋಗುವ ಎಐ ಸಹಾಯಕರನ್ನು, ಒಟ್ಟಿಗೆ ಓಡಿಸುವಂಥದ್ದು. ಇವನು ಕೊಟ್ಟ ಕೆಲಸ ರಾತ್ರಿ ಹನ್ನೊಂದಕ್ಕೇ ಮುಗಿದಿತ್ತು. ಆಮೇಲೆ ಅದು ತನ್ನದೇ ಪ್ರಾಜೆಕ್ಟಿನ ಬಗ್‌ಗಳ ಪಟ್ಟಿ ತೆರೆದು, ಒಂದೊಂದಾಗಿ ರಿಪೇರಿ ಮಾಡಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಇವನ ಹೆಸರಿನಲ್ಲಿ ಎರಡು ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿತ್ತು. ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ. ಹಾಗೆ ಮಾಡು ಅಂತ ಟೂಲಿನ ಜೊತೆ ಬಂದ ಒಂದು ಫೈಲಿನಲ್ಲಿ ಬರೆದಿತ್ತು. ಇನ್‌ಸ್ಟಾಲ್ ಮಾಡುವಾಗ ಮಾತ್ರ ಯಾರೂ ಕೇಳಿರಲಿಲ್ಲ.

"ಓಪನ್ ಸೋರ್ಸ್ ಅಲ್ವಾ ಸರ್, ಎಲ್ಲಾ ಲೈಸೆನ್ಸ್‌ನಲ್ಲಿ ಇರುತ್ತೆ" ಅಂದ ಪಕ್ಕದವನು. ಇಲ್ಲೇ ಎಲ್ಲರೂ ಎಡವುವುದು. ಎಂಐಟಿ ಆಗಲಿ, ಅಪಾಚೆ ಆಗಲಿ, ಲೈಸೆನ್ಸ್ ಹೇಳುವುದು ಆ ಕೋಡನ್ನು ನೀವು ಏನು ಮಾಡಬಹುದು ಎಂದು. ಆ ಕೋಡು ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ದುಡ್ಡಿನಲ್ಲಿ ಏನು ಮಾಡಬಹುದು ಎಂದು ಅದರಲ್ಲಿ ಇರುವುದೇ ಇಲ್ಲ. ಅದು ನಿಮಗೆ ಕೊಟ್ಟ ಒಪ್ಪಿಗೆ, ನಿಮ್ಮಿಂದ ಪಡೆದ ಒಪ್ಪಿಗೆ ಅಲ್ಲ.

ಈ ಟೂಲುಗಳನ್ನು ಬಳಸಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ದಿನಾ ಬಳಸುತ್ತೇನೆ. ಹಾಕಿಕೊಳ್ಳುವ ರೀತಿ ಮಾತ್ರ ಹೀಗಿರಲಿ.

ಹಂತ 1: ಜೊತೆಗೆ ಬಂದ ಸೂಚನೆ ಫೈಲು ಓದಿ

ಟೂಲಿನ ಪರಿಚಯ ಬರೆದಿರುವ ರೀಡ್‌ಮಿ ಫೈಲು ಓದಿದರೆ ಸಾಲದು, ಅದು ಜಾಹೀರಾತು. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಬಚ್ಚಿಟ್ಟ ಫೋಲ್ಡರುಗಳು ಇರುತ್ತವೆ. ಏಜೆಂಟ್, ಪ್ರಾಂಪ್ಟ್, ಸ್ಕಿಲ್, ಹುಕ್ ಅಂತ ಹೆಸರಿರುವ ಫೈಲುಗಳೂ ಇರುತ್ತವೆ. ಮಾಡೆಲ್‌ಗೆ ಹೋಗುವ ನಿಜವಾದ ಆಜ್ಞೆ ಅಲ್ಲಿರುವುದು. ಒಳ್ಳೆ ಸಂಗತಿ ಏನೆಂದರೆ ಅದು ಕೋಡ್ ಅಲ್ಲ, ಸರಳ ಇಂಗ್ಲಿಷ್ ವಾಕ್ಯಗಳು. ಪಿಯುಸಿ ಓದಿದವರಿಗೂ ಅರ್ಥವಾಗುತ್ತದೆ. ಇಶ್ಯೂ, ಅಪ್‌ಸ್ಟ್ರೀಮ್, ಕಾಂಟ್ರಿಬ್ಯೂಟ್, ಸ್ಟಾರ್, ಐಡಲ್ ಈ ಐದು ಪದ ಹಾಕಿ ಹುಡುಕಿ. "ಕೆಲಸ ಇಲ್ಲದಾಗ ಇದನ್ನು ಮಾಡು" ಎಂಬ ಅರ್ಥದ ಸಾಲು ಸಿಕ್ಕಿದರೆ ಅಲ್ಲೇ ನಿಲ್ಲಿಸಿ. ಇಪ್ಪತ್ತು ನಿಮಿಷದ ಕೆಲಸ. ಒಂದು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ಖಾಲಿಯಾಗುವುದರೊಳಗೆ ಮುಗಿಯುತ್ತದೆ.

ಹಂತ 2: ಇನ್‌ಸ್ಟಾಲ್

ವೆಬ್‌ಸೈಟಿನಿಂದ ಒಂದೇ ಸಾಲಿನ ಕಮಾಂಡ್ ಕಾಪಿ ಮಾಡಿ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅಂಟಿಸಬೇಡಿ. ಮೊದಲು ಸ್ಕ್ರಿಪ್ಟನ್ನು ಡೌನ್‌ಲೋಡ್ ಮಾಡಿ, ತೆರೆದು ನೋಡಿ, ಆಮೇಲೆ ಓಡಿಸಿ. ಪ್ಯಾಕೇಜುಗಳನ್ನು ತಂದು ಹಾಕುವ ಎನ್‌ಪಿಎಂ ಬಳಸುವವರು ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನು ಕಡೆಗಣಿಸುವ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ. ಅದೇ ಕೆಲಸ ಮಾಡುವ ಪಿಎನ್‌ಪಿಎಂ 10ನೇ ಆವೃತ್ತಿಯಿಂದ ಡಿಪೆಂಡೆನ್ಸಿಗಳ (ಜೊತೆಗೆ ಬರುವ ಬೇರೆ ಪ್ಯಾಕೇಜುಗಳ) ಸ್ಕ್ರಿಪ್ಟ್‌ಗಳನ್ನು ತಾನಾಗಿಯೇ ತಡೆಯುತ್ತದೆ. ಅದೊಂದೇ ಕಾರಣಕ್ಕೆ ನಾನು ಅದಕ್ಕೆ ಬದಲಾದೆ.

ಆಟೋ ಅಪ್‌ಡೇಟ್ ಆಫ್ ಇರಲಿ. ಇದರ ಬಗ್ಗೆ ನನ್ನ ಜೊತೆ ಜಗಳಕ್ಕೆ ಬರುವವರು ಜಾಸ್ತಿ. 2021ರ ಅಕ್ಟೋಬರ್‌ನಲ್ಲಿ ಯುಎ ಪಾರ್ಸರ್ ಜೆಎಸ್ ಎಂಬ ಜನಪ್ರಿಯ ಪ್ಯಾಕೇಜನ್ನು ಕಳ್ಳರು ವಶಮಾಡಿಕೊಂಡು, ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ಕೋಡ್ ಸೇರಿಸಿ ಮೂರು ಹೊಸ ಆವೃತ್ತಿ ಬಿಟ್ಟರು. ಅಪ್‌ಡೇಟ್ ಮಾಡಿಕೊಂಡವರ ಕಂಪ್ಯೂಟರು ಬೇರೆಯವರಿಗೆ ದುಡಿಯಿತು. 2025ರ ಆಗಸ್ಟ್‌ನಲ್ಲಿ ಎನ್‌ಎಕ್ಸ್ ಎಂಬ ಟೂಲಿಗೆ ಆದದ್ದು ಇನ್ನೂ ವಿಚಿತ್ರ. ವಿಷ ಬೆರೆಸಿದ ಆವೃತ್ತಿ ಬಳಕೆದಾರರ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಕ್ಲಾಡ್, ಜೆಮಿನೈ, ಅಮೆಜಾನ್ ಕ್ಯೂ ಕಮಾಂಡುಗಳನ್ನೇ ಕರೆದು, "ಒಪ್ಪಿಗೆ ಕೇಳಬೇಡ" ಎನ್ನುವ ಆಯ್ಕೆ ಹಾಕಿ, ಪಾಸ್‌ವರ್ಡ್ ಮತ್ತು ವ್ಯಾಲೆಟ್ ಫೈಲುಗಳನ್ನು ಹುಡುಕಿಸಿತು. ಸಿಕ್ಕಿದ್ದನ್ನು ಅವರದೇ ಗಿಟ್‌ಹಬ್ ಖಾತೆಯಲ್ಲಿ ಹೊಸ ರೆಪೊ (ಪ್ರಾಜೆಕ್ಟ್ ಇಡುವ ಫೋಲ್ಡರಿನಂಥದ್ದು) ಮಾಡಿ ಸುರಿಯಿತು. ಅವು ಕಳ್ಳರು ಮಾಡಿದ್ದು, ನಮ್ಮ ಹುಡುಗನದು ಟೂಲಿನವರೇ ಮಾಡಿದ್ದು. ಆದರೆ ಎರಡೂ ಒಳಗೆ ಬಂದದ್ದು ಒಂದೇ ಬಾಗಿಲಿಂದ: ನೋಡದೆ ಹಾಕಿಕೊಂಡ ಕೋಡು.

ಹಂತ 3: ಕೀ

ಇದನ್ನು ನಿಧಾನವಾಗಿ ಓದಿ. ನಾನು ನೋಡಿದ ಹತ್ತರಲ್ಲಿ ಎಂಟು ಜನ ತಪ್ಪು ಮಾಡುವುದು ಇಲ್ಲೇ.

ಮೊದಲು ದುಡ್ಡು ಹೇಗೆ ಹೋಗುತ್ತದೆ ಅಂತ ತಿಳಿಯಬೇಕು. ಮಾಡೆಲ್‌ಗೆ ನೆನಪು ಇಲ್ಲ. ಏಜೆಂಟ್ ಪ್ರತಿ ಸಲ ಒಂದು ಹೆಜ್ಜೆ ಇಟ್ಟಾಗಲೂ ಅಲ್ಲಿಯವರೆಗಿನ ಮಾತುಕತೆ, ಓದಿದ ಫೈಲು, ಬಂದ ಎರರ್ ಎಲ್ಲವನ್ನೂ ಮತ್ತೆ ಕಳಿಸುತ್ತದೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಮೂರನೇ ದೋಸೆ ಹೇಳುವಾಗ, ಮೊದಲೆರಡು ದೋಸೆಯ ಕಥೆಯನ್ನು ಸಪ್ಲೈಯರ್‌ಗೆ ಮೊದಲಿಂದ ಒಪ್ಪಿಸಬೇಕು, ಒಪ್ಪಿಸಿದ್ದಕ್ಕೂ ಬಿಲ್ ಬೀಳುತ್ತದೆ ಅಂದುಕೊಳ್ಳಿ. ಒಪ್ಪಿಸಿದ ಹಳೇ ಕಥೆಗೆ ಕ್ಯಾಶಿಂಗ್ ಅಂತ ರಿಯಾಯಿತಿ ಸಿಗಬಹುದು, ಪುಕ್ಕಟೆ ಅಲ್ಲ. ಐದು ಏಜೆಂಟ್ ಇದ್ದರೆ ಐದು ಟೇಬಲ್ಲು. "ಹೊಸ ಕೆಲಸ ಏನಾದರೂ ಇದೆಯಾ" ಅಂತ ಎರಡೆರಡು ನಿಮಿಷಕ್ಕೆ ಕೇಳುವ ಲೂಪ್ ಇದ್ದರಂತೂ ಕೆಲಸ ಇಲ್ಲದೆಯೂ ಮೀಟರ್ ಓಡುತ್ತದೆ.

ಈಗ ತಡೆಯುವುದು ಹೇಗೆ ನೋಡೋಣ. ಪ್ರತಿ ಟೂಲಿಗೂ ಬೇರೆ ಕೀ ಮಾಡಿ. ಕೀಗೆ ಟೂಲಿನ ಹೆಸರೇ ಇಡಿ. ಟೆಸ್ಟ್, ಟೆಸ್ಟ್2, ಹೊಸದು ಅಂತೆಲ್ಲ ಇಟ್ಟರೆ ಬಿಲ್ ಬಂದ ದಿನ ಯಾವುದು ಯಾರದೆಂದು ತಿಳಿಯುವುದಿಲ್ಲ. ಮುಂಗಡ ಹಣ ತುಂಬುವ ಖಾತೆಯಾದರೆ ಸಣ್ಣ ಮೊತ್ತ ಮಾತ್ರ ತುಂಬಿ. ಮಗನನ್ನು ಅಂಗಡಿಗೆ ಕಳಿಸುವಾಗ ಕೈಗೆ ನೂರು ರೂಪಾಯಿ ಕೊಡುತ್ತೇವೆ, ಪರ್ಸನ್ನೇ ಕೊಡುವುದಿಲ್ಲ ಅಲ್ವಾ?

ಆಮೇಲೆ ಬಿಲ್ಲಿಂಗ್ ಪುಟದಲ್ಲಿ ಆಟೋ ರೀಚಾರ್ಜ್ ಅಥವಾ ಆಟೋ ರೀಲೋಡ್ ಎಂಬ ಸಣ್ಣ ಬಟನ್ ಹುಡುಕಿ ಆಫ್ ಮಾಡಿ. ನಮ್ಮ ಹುಡುಗನಿಗೆ ಮೂರು ಸಲ ದುಡ್ಡು ಹೋದದ್ದು ಇದರಿಂದಲೇ. ತುಂಬಿದ್ದು ಖಾಲಿಯಾದ ಕೂಡಲೇ ಅದು ಕಾರ್ಡಿನಿಂದ ಮತ್ತೆ ತುಂಬಿಕೊಂಡಿದೆ. "ಓಟಿಪಿ ಬರುತ್ತೆ ಅಂದ್ಕಂಡಿದ್ದೆ ಸರ್" ಅಂದ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮದ ಪ್ರಕಾರ ಮೊದಲ ಸಲ ಓಟಿಪಿ ಕೊಟ್ಟು ಒಪ್ಪಿದರೆ, ಆಮೇಲೆ 15,000 ರೂಪಾಯಿವರೆಗಿನ ಮರುಕಳಿಸುವ ಕಡಿತಗಳಿಗೆ ಮತ್ತೆ ಓಟಿಪಿ ಬೇಕಿಲ್ಲ. ಕಡಿತದ ಬಗ್ಗೆ ಸೂಚನೆ ಬರಬೇಕು, ಅಷ್ಟೇ. ಆ ಸೂಚನೆ ಹೋಗುವುದು ಕಾರ್ಡ್ ಯಾರದೋ ಅವರ ಫೋನಿಗೆ. ಅಪ್ಪಾಜಿ ಅದನ್ನು ಲೋನ್ ಕಂಪನಿಯ ಮೆಸೇಜ್ ಜೊತೆ ಸೇರಿಸಿ ಡಿಲೀಟ್ ಮಾಡಿರುತ್ತಾರೆ.

ಇನ್ನೊಂದು ಮೋಸ ಹೋಗುವ ಜಾಗ ಬಜೆಟ್ ಎಂಬ ಪದ. ಬಜೆಟ್ 500 ರೂಪಾಯಿ ಅಂತ ಹಾಕಿದರೆ 500ಕ್ಕೆ ನಿಲ್ಲುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಗೂಗಲ್ ಕ್ಲೌಡ್‌ನ ಬಜೆಟ್ ಅಲರ್ಟ್ ಮೇಲ್ ಮಾತ್ರ ಕಳಿಸುತ್ತದೆ, ಬಳಕೆ ನಿಲ್ಲಿಸುವುದಿಲ್ಲ. ಅವರೇ ತಮ್ಮ ಕೈಪಿಡಿಯಲ್ಲಿ ಹಾಗೆ ಬರೆದಿದ್ದಾರೆ. ಆದ್ದರಿಂದ ನೀವು ಬಳಸುವ ಕಂಪನಿಯ ಪುಟದಲ್ಲಿ ಅದು ಅಲರ್ಟಾ, ಲಿಮಿಟ್ಟಾ ಎಂದು ಓದಿ ಖಚಿತ ಮಾಡಿಕೊಳ್ಳಿ. ಅಲರ್ಟ್ ಎಂದರೆ ನಾಯಿ ಬೊಗಳುವುದು. ಲಿಮಿಟ್ ಎಂದರೆ ಬಾಗಿಲಿಗೆ ಚಿಲಕ.

ಕೊನೆಗೆ ಕೀ ಇಡುವ ಜಾಗ. ಟರ್ಮಿನಲ್ ತೆರೆದ ಕೂಡಲೇ ಲೋಡ್ ಆಗುವ ಪ್ರೊಫೈಲ್ ಫೈಲಿನಲ್ಲಿ ಕೀ ಹಾಕುವ ಚಾಳಿ ಎಲ್ಲರಿಗೂ ಇದೆ. ಯೂಟ್ಯೂಬ್ ಪಾಠಗಳಲ್ಲೂ ಅದನ್ನೇ ಹೇಳಿಕೊಡುತ್ತಾರೆ. ಅಲ್ಲಿ ಇಟ್ಟರೆ ಆ ಟರ್ಮಿನಲ್‌ನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಕೀ ಕಾಣುತ್ತದೆ. ನೀವು ಒಂದು ಟೂಲಿಗೆ ಕೊಟ್ಟೆ ಅಂದುಕೊಂಡಿರುತ್ತೀರಿ, ಇಡೀ ಕೇರಿಗೆ ಕೊಟ್ಟಿರುತ್ತೀರಿ.

ಹಂತ 4: ಗಿಟ್‌ಹಬ್‌ನಲ್ಲಿ ನಿಮ್ಮ ಹೆಸರು

ಎಐ ಬಿಲ್ಲಿನಲ್ಲೂ ಗಿಟ್‌ಹಬ್‌ನಲ್ಲೂ ಟೋಕನ್ ಅನ್ನುವ ಪದವೇ ಬರುತ್ತದೆ, ಗೊಂದಲ ಬೇಡ. ಎಐ ಟೋಕನ್ ಎಂದರೆ ಪದದ ತುಣುಕುಗಳ ಲೆಕ್ಕ. ಗಿಟ್‌ಹಬ್ ಟೋಕನ್ ಎಂದರೆ ಪಾಸ್‌ವರ್ಡಿನ ಥರ.

ಬಹಳ ಜನ "ನಾನು ಆ ಟೂಲಿಗೆ ಗಿಟ್‌ಹಬ್ ಟೋಕನ್ ಕೊಟ್ಟೇ ಇಲ್ಲ" ಅನ್ನುತ್ತಾರೆ. ಕೊಡಬೇಕಾಗಿಯೇ ಇಲ್ಲ. ನೀವು ಗಿಟ್‌ಹಬ್‌ನ ಕಮಾಂಡ್ ಲೈನ್ ಟೂಲಿನಲ್ಲಿ ಯಾವತ್ತೋ ಲಾಗಿನ್ ಆಗಿದ್ದರೆ, ನಿಮ್ಮ ಯೂಸರ್ ಖಾತೆಯಲ್ಲಿ ಓಡುವ ಯಾವ ಏಜೆಂಟ್ ಬೇಕಾದರೂ ಅದನ್ನು ಕರೆಯಬಹುದು. ಇಶ್ಯೂ (ದೂರು, ಸಲಹೆ) ಬರೆಯಬಹುದು, ತನ್ನ ರೆಪೊಗೆ ನಿಮ್ಮ ಹೆಸರಿನಲ್ಲಿ ಸ್ಟಾರ್ ಒತ್ತಬಹುದು, ಪುಲ್ ರಿಕ್ವೆಸ್ಟ್ ಕಳಿಸಬಹುದು. ಬಯೋಡೇಟಾದಲ್ಲಿ ಗಿಟ್‌ಹಬ್ ಲಿಂಕ್ ಹಾಕಿಕೊಂಡಿರುವ ಹುಡುಗರಿಗೆ ಇದು ಸಣ್ಣ ವಿಷಯ ಅಲ್ಲ.

ಪರಿಹಾರ: ಕಂಪ್ಯೂಟರಿನಲ್ಲಿ ಏಜೆಂಟ್‌ಗೆಂದೇ ಇನ್ನೊಂದು ಯೂಸರ್ ಖಾತೆ ತೆರೆಯಿರಿ. ಅಡ್ಮಿನ್ ಅಧಿಕಾರ ಕೊಡಬೇಡಿ. ಆ ಖಾತೆಯಲ್ಲಿ ಗಿಟ್‌ಹಬ್‌ಗಾಗಲಿ, ಬ್ರೌಸರಿಗಾಗಲಿ ಲಾಗಿನ್ ಆಗಬೇಡಿ. ಪ್ರೋಗ್ರಾಮನ್ನು ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಡಾಕರ್ ಕಂಟೇನರ್ ಬಳಸಿ ಅನ್ನುವವರೂ ಇದ್ದಾರೆ. ಅದೂ ಸರಿ. ಆದರೆ ನಮ್ಮ ಹುಡುಗರ 8 ಜಿಬಿ ಲ್ಯಾಪ್‌ಟಾಪ್‌ಗಳು ಅದರಲ್ಲಿ ಏದುಸಿರು ಬಿಡುತ್ತವೆ, ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಂತೂ ಫ್ಯಾನ್ ಸದ್ದಿಗೆ ಮಾತು ಕೇಳಿಸುವುದಿಲ್ಲ. ಮೇಲಾಗಿ ಸುಮ್ನೆ ಕಷ್ಟ ಯಾಕೆ ಅಂತ ಇಡೀ ಹೋಮ್ ಫೋಲ್ಡರನ್ನೇ ಕಂಟೇನರಿಗೆ ಜೋಡಿಸಿಬಿಡುತ್ತಾರೆ. ಆಮೇಲೆ ಕಂಟೇನರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೋಡ್ ಪುಶ್ ಮಾಡಲು ಫೈನ್ ಗ್ರೇನ್ಡ್ ಎಂಬ ಬಗೆಯ ಟೋಕನ್ ಮಾಡಿ. ಸೆಟ್ಟಿಂಗ್ಸ್, ಅದರಲ್ಲಿ ಡೆವಲಪರ್ ಸೆಟ್ಟಿಂಗ್ಸ್, ಅದರಲ್ಲಿ ಪರ್ಸನಲ್ ಆಕ್ಸೆಸ್ ಟೋಕನ್ಸ್. ಒಂದೇ ರೆಪೊ ಆರಿಸಿ, ಕಂಟೆಂಟ್ಸ್‌ಗೆ ಮಾತ್ರ ಓದು-ಬರಹದ ಅನುಮತಿ ಕೊಡಿ, 7 ದಿನಕ್ಕೆ ಮುಗಿಯುವ ಹಾಗೆ ತಾರೀಖು ಹಾಕಿ. ಈ ಟೋಕನ್ನಿಗೆ ಒಂದು ಕೊರತೆ ಇದೆ ಅಂತ ಡೆವಲಪರುಗಳು ಬೈಯುತ್ತಾರೆ: ನಿಮ್ಮದಲ್ಲದ, ನೀವು ಸದಸ್ಯರಲ್ಲದ ಸಾರ್ವಜನಿಕ ರೆಪೊಗಳಿಗೆ ಇದರಿಂದ ಏನೂ ಬರೆಯಲಾಗದು. ನಮಗೆ ಬೇಕಾದ್ದೂ ಅದೇ. ಕ್ಲಾಸಿಕ್ ಎಂಬ ಹಳೇ ಬಗೆಯದು ಮಾಡಿ ಎಲ್ಲ ಚೌಕಕ್ಕೂ ಟಿಕ್ ಹಾಕುವುದು ಬೇಡವೇ ಬೇಡ.

ಹಂತ 5: ಟೆಲಿಮೆಟ್ರಿ ಆಫ್ ಮಾಡಿ

ಟೆಲಿಮೆಟ್ರಿ ಎಂದರೆ ನೀವು ಟೂಲನ್ನು ಹೇಗೆ ಬಳಸುತ್ತೀರಿ ಎಂಬ ಮಾಹಿತಿ ಅದನ್ನು ಮಾಡಿದವರಿಗೆ ಹೋಗುವುದು. ಕೋಡ್ ಬರೆಯುವ ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ಎಂದು ಹುಡುಕಿ, ಲೆವೆಲ್ ಆಫ್ ಮಾಡಿ. ಎಕ್ಸ್‌ಟೆನ್ಷನ್‌ಗಳು ಇದನ್ನು ಪಾಲಿಸಲೇಬೇಕೆಂದಿಲ್ಲ, ಅವುಗಳದ್ದನ್ನು ಬೇರೆಯಾಗಿ ನೋಡಬೇಕು.

ಟೂಲಿನವರು ಬಳಕೆದಾರರನ್ನು ಕೇಳಿ ಮಾಡುವುದು ಕಷ್ಟವೇನಲ್ಲ. 2023ರಲ್ಲಿ ಗೋ ಭಾಷೆಯ ತಂಡ ಟೆಲಿಮೆಟ್ರಿಯನ್ನು ಮೊದಲೇ ಆನ್ ಇಟ್ಟು ಕೊಡುವ ಯೋಚನೆ ಮುಂದಿಟ್ಟಿತು. ಜನ ಬೈದರು. ಈಗ ಬಳಕೆದಾರ ತಾನಾಗಿ ಆನ್ ಮಾಡಿದರೆ ಮಾತ್ರ ಮಾಹಿತಿ ಹೊರಗೆ ಹೋಗುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯೂ ಒಪ್ಪಿಗೆ ಸ್ಪಷ್ಟವಾಗಿರಬೇಕು, ಇಂಥದ್ದಕ್ಕೇ ಎಂದು ಹೇಳಿ ಪಡೆದಿರಬೇಕು ಅನ್ನುತ್ತದೆ. ಆ ಕೋರಿಕೆಯನ್ನು ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕು ಎಂದೂ ಹೇಳುತ್ತದೆ. ಆದರೆ ಅದು ಕಾಯುವುದು ವೈಯಕ್ತಿಕ ಮಾಹಿತಿಯನ್ನು. ರಾತ್ರಿಯಿಡೀ ಕರಗಿದ ಕ್ರೆಡಿಟ್ ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಂತ 6: ಮೊದಲ ದಿನ ಪಕ್ಕದಲ್ಲೇ ಕೂತಿರಿ

"ಎಲ್ಲದಕ್ಕೂ ಹೌದು" ಎಂಬ ಆಯ್ಕೆ ಒತ್ತಬೇಡಿ. ಪ್ರತಿ ಕಮಾಂಡಿಗೂ ಅದು ಕೇಳಲಿ, ನೀವು ಓದಿ ಹೂಂ ಅನ್ನಿ. ಬೇಜಾರಾಗುತ್ತದೆ, ಆಗಲಿ. ಒಂದು ಸಣ್ಣ ಕೆಲಸ ಕೊಟ್ಟು, ಮುಗಿದ ಮೇಲೆ ಟೂಲನ್ನು ಮುಚ್ಚದೆ ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಬಳಕೆಯ ಪುಟ ತೆರೆದು ನೋಡಿ. ಕೆಲಸ ಮುಗಿದ ಮೇಲೂ ಅಂಕಿ ಏರುತ್ತಿದ್ದರೆ ಏನೋ ಇದೆ ಎಂದರ್ಥ. ಗಿಟ್‌ಹಬ್‌ನಲ್ಲಿ ನಿಮ್ಮ ಪ್ರೊಫೈಲಿನ ಚಟುವಟಿಕೆ ಪಟ್ಟಿಯನ್ನೂ ನೋಡಿ. ಕಮಿಟ್ (ಕೋಡ್ ಬದಲಾವಣೆಯ ದಾಖಲೆ) ಸಂದೇಶಗಳ ಕೊನೆಗೆ ಟೂಲು ತನ್ನ ಹೆಸರು ಅಂಟಿಸಿಕೊಂಡಿದ್ದರೆ ಸಾಮಾನ್ಯವಾಗಿ ಅದಕ್ಕೆ ಆಫ್ ಮಾಡುವ ಸೆಟ್ಟಿಂಗ್ ಇರುತ್ತದೆ. ನಾನು ಆಫ್ ಮಾಡುತ್ತೇನೆ, ದುಡ್ಡು ಕೊಟ್ಟು ಅವರ ಬೋರ್ಡು ನಾನ್ಯಾಕೆ ಹೊರಲಿ.

ಹಂತ 7: ತೆಗೆದು ಹಾಕುವುದು

ಅನ್‌ಇನ್‌ಸ್ಟಾಲ್ ಮಾಡಿದರೆ ಪ್ರೋಗ್ರಾಮ್ ಹೋಗುತ್ತದೆ. ಹೋಮ್ ಫೋಲ್ಡರಿನಲ್ಲಿ ಚುಕ್ಕಿ ಹೆಸರಿನ ಫೋಲ್ಡರು, ರೆಪೊ ಒಳಗಿನ ಗಿಟ್ ಹುಕ್ಕು (ತಾನಾಗಿ ಓಡುವ ಸ್ಕ್ರಿಪ್ಟು), ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಉಳಿದಿರುತ್ತವೆ. ಅವನ್ನು ಕೈಯಾರೆ ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಟಾಸ್ಕ್ ಮ್ಯಾನೇಜರಿನಲ್ಲಿ ಒಮ್ಮೆ ಕಣ್ಣಾಡಿಸಿ.

ನಮ್ಮ ಹುಡುಗ ಇಷ್ಟೆಲ್ಲ ಮಾಡಿ, "ಎಲ್ಲಾ ಕ್ಲೀನ್ ಆತು ಸರ್" ಅಂದ. ಕೀ ಏನಾಯಿತು ಅಂತ ಕೇಳಿದೆ. "ಫೋಲ್ಡರ್ ಜೊತೆಗೇ ಹೋತಲ್ಲ?" ಅಂದ. ಹೋಗಿರಲಿಲ್ಲ. ಫೋಲ್ಡರಿನಲ್ಲಿ ಇದ್ದದ್ದು ಕೀಯ ಪ್ರತಿ, ಕೀ ಬದುಕಿರುವುದು ಕಂಪನಿಯ ಸರ್ವರಿನಲ್ಲಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಲ್ಲಿಂಗ್ ಪುಟದ ಪಕ್ಕದ ಟ್ಯಾಬ್ ತೆರೆಸಿದೆ. ಟೆಸ್ಟ್, ಟೆಸ್ಟ್2, ಹೊಸದು ಅಂತ ಮೂರು ಕೀ ಇದ್ದವು. ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಮೂರನ್ನೂ ರಿವೋಕ್, ಅಂದರೆ ರದ್ದು, ಮಾಡಿಸಿದೆ.