ಜೈಲಿನಲ್ಲಿರುವ ಮಹಿಳೆಗೆ ಪದವಿ ಓದಿಸುವುದು ಹೇಗೆ: ಹೊರಗಿದ್ದು ಕಡತ ಹಿಡಿಯುವವರಿಗೆ

ಮಂಗಳೂರಿನ ಕೊಡಿಯಾಲಬೈಲಿನಲ್ಲಿರುವ ಜಿಲ್ಲಾ ಕಾರಾಗೃಹಕ್ಕೆ ಮುಲಾಖಾತಿಗೆ ಹೋದಾಗ ಮಗಳೋ, ತಂಗಿಯೋ, ಸೊಸೆಯೋ ‘ನನಗೆ ಡಿಗ್ರಿ ಮಾಡಬೇಕು’ ಎಂದರೆ, ಹೊತ್ತು ಹೋಗದೆ ಆಡಿದ ಮಾತೆಂದು ಅದನ್ನು ತಳ್ಳಿಹಾಕಬೇಡಿ. ದೂರಶಿಕ್ಷಣದ ಮೂಲಕ ಕಾರಾಗೃಹದ ಒಳಗಿದ್ದುಕೊಂಡೇ ಪದವಿ ಪಡೆಯಲು ನಮ್ಮಲ್ಲಿ ದಾರಿಯಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ದೆಹಲಿಯ ತಿಹಾರ್ ಜೈಲಿನೊಳಗೆ 1994ರಲ್ಲೇ ವಿಶೇಷ ಅಧ್ಯಯನ ಕೇಂದ್ರವನ್ನು ತೆರೆದಿತ್ತು. ಆದರೆ ಈ ದಾರಿಯಲ್ಲಿ ಎಡವಿದವರಲ್ಲಿ ಪಾಠ ಕಷ್ಟವಾಗಿ ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. ಬಾರದ ಒಂದು ಒಟಿಪಿ, ಹೊಂದದ ಒಂದು ಇನಿಷಿಯಲ್, ಯಾರೂ ಗಮನಿಸದ ಒಂದು ಮರುನೋಂದಣಿ ದಿನಾಂಕ, ಇಂಥವುಗಳಿಂದಲೇ ವರ್ಷಗಳು ಕೈತಪ್ಪುತ್ತವೆ. ಆದ್ದರಿಂದ ಹೊರಗೆ ಯಾರಾದರೂ ಒಬ್ಬರು ಆಕೆಯ ಹೆಸರಿನ ಕಡತವೊಂದನ್ನು ತೆರೆದು, ಪದವಿ ಮುಗಿಯುವವರೆಗೂ ಅದನ್ನು ಕೈಬಿಡದೆ ಹಿಡಿದುಕೊಳ್ಳಬೇಕಾಗುತ್ತದೆ. ಈ ಬರಹ ಇರುವುದು ಆ ಒಬ್ಬರಿಗಾಗಿ.

ಮಹಿಳೆಯರ ವಿಷಯವನ್ನು ಪ್ರತ್ಯೇಕವಾಗಿ ಹೇಳುವುದಕ್ಕೆ ಕಾರಣವಿದೆ. 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ ಮಹಿಳೆಯರು 23,772, ಅಂದರೆ ನೂರಕ್ಕೆ ನಾಲ್ವರು ಮಾತ್ರ. ಸಂಖ್ಯೆ ಚಿಕ್ಕದಾದಾಗ ಸೌಲಭ್ಯವೂ ಚಿಕ್ಕದಾಗುತ್ತದೆ: ಗ್ರಂಥಾಲಯ, ಕಂಪ್ಯೂಟರ್, ಪಾಠ ಹೇಳಲು ಬರುವ ಮೇಷ್ಟ್ರು ಸಾಮಾನ್ಯವಾಗಿ ಪುರುಷರ ವಿಭಾಗದಲ್ಲಿರುತ್ತಾರೆ, ಮಹಿಳೆಯರು ಆ ಕಡೆ ಹೋಗುವಂತಿಲ್ಲ. ಆದ್ದರಿಂದ ‘ಜೈಲಿನಲ್ಲಿ ಲೈಬ್ರರಿ ಇದೆಯೇ’ ಎಂದು ಕೇಳಿ ಸುಮ್ಮನಾಗದೆ, ‘ಮಹಿಳಾ ವಿಭಾಗಕ್ಕೆ ಪುಸ್ತಕ ಯಾವ ದಿನ, ಯಾರ ಕೈಯಲ್ಲಿ ಬರುತ್ತದೆ’ ಎಂದು ಕೇಳಿ. ಆರು ವರ್ಷದವರೆಗಿನ ಮಗುವನ್ನು ತಾಯಿ ಜೊತೆಗಿಟ್ಟುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಮಗು ಜೊತೆಗಿರುವ ತಾಯಿಗೆ ಓದಿನ ಹೊತ್ತು ಅದು ಮಲಗಿದ ಮೇಲೆಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾವ ವಿಶ್ವವಿದ್ಯಾಲಯ, ಯಾವ ಪದವಿ

ಮೊದಲು ತಿಳಿಯಬೇಕಾದದ್ದು ಆಕೆ ವಿಚಾರಣಾ ಬಂದಿಯೋ ಶಿಕ್ಷಾ ಬಂದಿಯೋ ಎಂಬುದು. ವಿಚಾರಣಾ ಬಂದಿಗೆ ಜಾಮೀನು ಯಾವಾಗ ಸಿಗುತ್ತದೆಂದು ಯಾರೂ ಹೇಳಲಾರರು. ಶಿಕ್ಷೆಯಾದವರನ್ನು ಜಿಲ್ಲೆಯ ಹೊರಗಿನ ಕೇಂದ್ರ ಕಾರಾಗೃಹಕ್ಕೆ ವರ್ಗಾಯಿಸಬಹುದು. ಎರಡೂ ಸಂದರ್ಭಗಳಲ್ಲಿ ಓದು ಆಕೆಯ ಜೊತೆಗೇ ಹೋಗುವಂತಿರಬೇಕು. ಮುಕ್ತ ವಿಶ್ವವಿದ್ಯಾಲಯದ ನೋಂದಣಿ ಈ ವಿಷಯದಲ್ಲಿ ಉಪಕಾರಿ, ಏಕೆಂದರೆ ಅದು ವಿದ್ಯಾರ್ಥಿಯ ಹೆಸರಿಗೆ ಸೇರಿದ್ದೇ ಹೊರತು ಕಾರಾಗೃಹಕ್ಕೆ ಸೇರಿದ್ದಲ್ಲ.

ಕರಾವಳಿಯವರಿಗೆ ಕಣ್ಣೆದುರಿಗೆ ಇರುವ ಆಯ್ಕೆಗಳು ಎರಡು. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಪ್ರಾದೇಶಿಕ ಕೇಂದ್ರಗಳಿವೆ, ಅಲ್ಲಿ ಬಿ.ಎ. ಪದವಿಯನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಇಗ್ನೋದ ಪದವಿ ಪಠ್ಯಗಳು ಬಹುಪಾಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಆದರೆ ಕಾರಾಗೃಹದಲ್ಲಿರುವವರಿಗೆ ಅದು ಶುಲ್ಕ ವಿನಾಯಿತಿ ಕೊಡುತ್ತದೆ ಮತ್ತು ದೇಶದ ಅನೇಕ ಕಾರಾಗೃಹಗಳೊಳಗೆ ಪರೀಕ್ಷೆ ನಡೆಸಿದ ಅನುಭವ ಅದಕ್ಕಿದೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವರನ್ನು ಶುಲ್ಕ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಇಂಗ್ಲಿಷ್ ಪಠ್ಯಕ್ಕೆ ಸೇರಿಸುವುದು ನನ್ನ ಅಭಿಪ್ರಾಯದಲ್ಲಿ ದುಬಾರಿ ಉಳಿತಾಯ. ಒಳಗೆ ಅರ್ಥ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ವಿಷಯದ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪ್ರಯೋಗಾಲಯ ಬೇಕಾಗುವ ಬಿ.ಎಸ್‌ಸಿ., ಕ್ಷೇತ್ರಕಾರ್ಯ ಬೇಕಾಗುವ ಬಿ.ಎಸ್‌.ಡಬ್ಲ್ಯು. ಒಳಗಿದ್ದು ನಡೆಯುವಂಥವಲ್ಲ. ಎಲ್‌ಎಲ್‌.ಬಿ.ಗೆ ದೂರಶಿಕ್ಷಣವೇ ಇಲ್ಲ; ಕೇರಳ ಹೈಕೋರ್ಟ್ 2023ರಲ್ಲಿ ಜೀವಾವಧಿ ಶಿಕ್ಷೆಯ ಇಬ್ಬರಿಗೆ ಆನ್‌ಲೈನ್ ಮೂಲಕ ಕಾನೂನು ತರಗತಿಗೆ ಹಾಜರಾಗಲು ಅವಕಾಶ ಕೊಟ್ಟದ್ದು ವಿಶೇಷ ಆದೇಶದ ಮೇಲೆ. ಬಿ.ಎ., ಬಿ.ಕಾಂ. ಎರಡರಲ್ಲೊಂದು ಸಾಕು. ಪಿಯುಸಿ ಆಗಿಲ್ಲದಿದ್ದರೆ ಮೊದಲು ಅದನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಿಸಿ, ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ ಸೇರಿಸಿ. ಅಲ್ಲಿ ಐದು ವರ್ಷದಲ್ಲಿ ಒಂಬತ್ತು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ.

ಅರ್ಜಿಗೆ ಮೊದಲು ಕಡತ

ಈ ಭಾಗವನ್ನು ನಿಧಾನವಾಗಿ ಓದಿ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಭಾವಚಿತ್ರ, ಅನ್ವಯಿಸಿದರೆ ಜಾತಿ ಪ್ರಮಾಣಪತ್ರ, ಇವಿಷ್ಟನ್ನೂ ಕೂಡಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಎಲ್ಲ ಕಾಗದಗಳ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸುವುದು. ನಮ್ಮೂರಿನ ಹೆಣ್ಣುಮಕ್ಕಳ ಹೆಸರು ಮೂರು ಕಡೆ ಮೂರು ಬಗೆಯಲ್ಲಿರುತ್ತದೆ. ಶಾಲೆಯಲ್ಲಿ ‘ವಸಂತಿ ಕೆ.’ ಎಂದಿದ್ದವಳು ಆಧಾರ್‌ನಲ್ಲಿ ‘ವಸಂತಿ ಪೂಜಾರ್ತಿ’ ಆಗಿರುತ್ತಾಳೆ, ಪೊಲೀಸ್ ದಾಖಲೆಯಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ಪದವಿಯ ಮೇಲೆ ಯಾವ ಹೆಸರು ಬರಬೇಕೋ ಅದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿದ್ದಂತೆ ಇರಲಿ. ಆಧಾರ್ ಬೇರೆಯಾಗಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ, ಎರಡು ಹೆಸರೂ ಒಬ್ಬಳದೇ ಎಂಬ ಅಫಿಡವಿಟ್ಟನ್ನು ನೋಟರಿಯಿಂದ ಮಾಡಿಸಿ ಇಟ್ಟುಕೊಳ್ಳಿ. ಅಂಕಪಟ್ಟಿ ಕಳೆದಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ನಕಲು ಪ್ರತಿಗೆ ಅರ್ಜಿ ಕೊಡಬೇಕು. ಇದಕ್ಕೆ ಬೇಕಾಗುವ ಸಮಯವನ್ನು ಪ್ರವೇಶದ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ. ಪ್ರವೇಶಾತಿ ವರ್ಷಕ್ಕೆರಡು ಬಾರಿ, ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ನಡೆಯುತ್ತದೆ.

ಎರಡನೆಯ ತೊಡಕು ಮೊಬೈಲಿನದು. 2024ರಿಂದ ಮುಕ್ತ ಮತ್ತು ದೂರಶಿಕ್ಷಣದ ಪ್ರವೇಶಕ್ಕೆ ಡೆಬ್ ಐಡಿ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ, ಕಡ್ಡಾಯ. ಅದಕ್ಕೆ ಮೊದಲು ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಬೇಕು, ಅದಕ್ಕೆ ಸರ್ಕಾರದ ದಾಖಲೆ ಖಾತೆಯಾದ ಡಿಜಿಲಾಕರ್ ಬೇಕು, ಡಿಜಿಲಾಕರ್‌ಗೆ ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ ಬರುವ ಒಟಿಪಿ ಬೇಕು. ಆಕೆಯ ಫೋನು ಪ್ರಕರಣದಲ್ಲಿ ಜಪ್ತಿಯಾಗಿರಬಹುದು, ಅಥವಾ ರೀಚಾರ್ಜ್ ಇಲ್ಲದೆ ಸಿಮ್ ಸತ್ತು ಹೋಗಿರಬಹುದು. ಸಿಮ್ ಮನೆಯಲ್ಲೇ ಇದ್ದರೆ ಮೊದಲು ಅದಕ್ಕೆ ರೀಚಾರ್ಜ್ ಮಾಡಿಸಿ, ಜೀವ ಉಳಿಸಿಕೊಳ್ಳಿ. ಇಲ್ಲದಿದ್ದರೆ ಆಧಾರ್‌ನಲ್ಲಿ ಹೊಸ ಸಂಖ್ಯೆ ಸೇರಿಸಲು ಆಕೆಯ ಬೆರಳಚ್ಚು ಬೇಕಾಗುತ್ತದೆ, ಅಂದರೆ ಆಧಾರ್ ಕಿಟ್ ಕಾರಾಗೃಹದ ಒಳಗೆ ಬರಬೇಕು. ಇದನ್ನು ಅಧೀಕ್ಷಕರಿಗೂ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಲಿಖಿತವಾಗಿ ಕೇಳಿ. ಹತ್ತು ಮಹಿಳೆಯರ ಪರವಾಗಿ ಒಂದು ಶಿಬಿರ ಕೇಳುವುದು ಒಬ್ಬಳಿಗಾಗಿ ಕೇಳುವುದಕ್ಕಿಂತ ಸುಲಭ. ಯಾರ ಕೈಯಲ್ಲಿರುವ ಸಂಖ್ಯೆಯನ್ನು ಆಧಾರ್‌ಗೆ ಜೋಡಿಸುತ್ತೀರೋ ಅವರ ಕೈಗೆ ಆಕೆಯ ಬ್ಯಾಂಕ್ ಖಾತೆಯ ಒಟಿಪಿಯೂ ಹೋಗಬಹುದೆಂಬುದು ನೆನಪಿರಲಿ. ಪ್ರಕರಣದಲ್ಲಿ ಎದುರು ಪಕ್ಷದಲ್ಲಿರುವ ಸಂಬಂಧಿಕರ ಫೋನು ಖಂಡಿತ ಬೇಡ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಮೊದಮೊದಲು ಒಬ್ಬರ ಅರ್ಜಿಯಲ್ಲಿ ಗಡಿಬಿಡಿಯಿಂದ ನನ್ನದೇ ಮೊಬೈಲ್ ಸಂಖ್ಯೆ, ನನ್ನದೇ ಇಮೇಲ್ ಕೊಟ್ಟುಬಿಟ್ಟೆ. ಮರುವರ್ಷದ ಮರುನೋಂದಣಿಯ ಸಂದೇಶ ನನ್ನ ನೂರಾರು ಸಂದೇಶಗಳ ನಡುವೆ ಮುಳುಗಿತು, ಆಕೆಗೆ ಒಂದು ವರ್ಷ ನಷ್ಟವಾಯಿತು. ಆಕೆ ನನ್ನನ್ನು ಬೈಯಲಿಲ್ಲ, ‘ಪರವಾಗಿಲ್ಲ ಟೀಚರ್, ನಾನು ಎಲ್ಲಿಗೂ ಹೋಗುವುದಿಲ್ಲವಲ್ಲ’ ಎಂದಳು. ಈಗ ಪ್ರತಿಯೊಬ್ಬರಿಗೂ ಬೇರೆ ಇಮೇಲ್ ತೆರೆದು, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕಡತದ ಮೊದಲ ಹಾಳೆಗೆ ಪಿನ್ ಮಾಡುತ್ತೇನೆ.

ಅಧೀಕ್ಷಕರಿಗೆ ಪತ್ರ

ಅರ್ಜಿ ಆಕೆಯ ಕೈಬರಹದಲ್ಲೇ, ಆಕೆಯ ಸಹಿಯೊಂದಿಗೆ ಇರಲಿ. ಉದ್ದ ಬೇಡ: ‘ಮಾನ್ಯರೇ, ನಾನು ಈ ಕಾರಾಗೃಹದ ಮಹಿಳಾ ವಿಭಾಗದಲ್ಲಿರುವ ವಿಚಾರಣಾ ಬಂದಿ. ಪಿಯುಸಿ ಉತ್ತೀರ್ಣಳಾಗಿದ್ದು, ದೂರಶಿಕ್ಷಣದ ಮೂಲಕ ಬಿ.ಎ. ಪದವಿಗೆ ಸೇರಲು ಬಯಸುತ್ತೇನೆ. ಪ್ರವೇಶಾತಿಗೆ ಬೇಕಾದ ಬಂಧನ ದೃಢೀಕರಣ ಪತ್ರವನ್ನು ನೀಡಬೇಕೆಂದೂ, ಪಠ್ಯಪುಸ್ತಕ ಮತ್ತು ಬರೆಯುವ ಸಾಮಗ್ರಿ ಪಡೆಯಲು ಅನುಮತಿಸಬೇಕೆಂದೂ, ಪರೀಕ್ಷೆಗೆ ವ್ಯವಸ್ಥೆ ಮಾಡಬೇಕೆಂದೂ ಕೋರುತ್ತೇನೆ.’ ಇಷ್ಟೇ. ಆ ದೃಢೀಕರಣ ಪತ್ರವೇ ಶುಲ್ಕ ವಿನಾಯಿತಿಗೂ ಆಧಾರ. ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಬಾಯಿಮಾತಿನಲ್ಲಿ ‘ಆಗಲಿ’ ಎಂದ ಅಧಿಕಾರಿ ಮುಂದಿನ ತಿಂಗಳು ವರ್ಗವಾಗಿ ಹೋಗಬಹುದು. ಉತ್ತರ ಬಾರದಿದ್ದರೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ, ಅದೂ ಬಾರದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆ ಎಂಬ ಕಾರಣಕ್ಕೂ, ಬಂಧನದಲ್ಲಿದ್ದಾಳೆ ಎಂಬ ಕಾರಣಕ್ಕೂ ಆಕೆಗೆ ಉಚಿತ ನೆರವು ಸಿಗಬೇಕು. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಬಂದಿಗಳ ಶಿಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ, ಅದನ್ನು ಪತ್ರದಲ್ಲಿ ಉಲ್ಲೇಖಿಸಲು ಹಿಂಜರಿಯಬೇಡಿ.

ಓದು, ಪುಸ್ತಕ, ಮಳೆಗಾಲ

ಇಗ್ನೋದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಗಳ ಓದು. ಆರು ಕ್ರೆಡಿಟಿನ ಒಂದು ಕೋರ್ಸಿಗೆ ನೂರ ಎಂಬತ್ತು ಗಂಟೆ, ದಿನಕ್ಕೆ ಎರಡು ಗಂಟೆಯಂತೆ ಮೂರು ತಿಂಗಳು. ಬಂಟ್ವಾಳದ ಕಡೆಯವರೊಬ್ಬರು, ಹೊರಗಿದ್ದಾಗ ಬೀಡಿ ಕಟ್ಟುತ್ತಿದ್ದವರು, ಇದಕ್ಕೆ ತಮ್ಮದೇ ವಿಧಾನ ಕಂಡುಕೊಂಡಿದ್ದರು. ಪ್ರತಿ ಇಪ್ಪತ್ತೈದು ಪುಟಕ್ಕೊಮ್ಮೆ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ, ಅದನ್ನು ‘ಒಂದು ಕಟ್ಟು’ ಎನ್ನುತ್ತಿದ್ದರು; ಇಂದು ಎಷ್ಟು ಕಟ್ಟಾಯಿತು ಎಂದು ರಾತ್ರಿ ಎಣಿಸಿ ಮಲಗುತ್ತಿದ್ದರು. ಸಾವಿರ ಬೀಡಿಯ ಲೆಕ್ಕದಲ್ಲಿ ಬದುಕಿದವರಿಗೆ ಗಂಟೆಗಿಂತ ಕಟ್ಟಿನ ಲೆಕ್ಕವೇ ಹತ್ತಿರ.

ಪುಸ್ತಕಗಳನ್ನು ಗೇಟಿನಲ್ಲಿ ತಪಾಸಣೆ ಮಾಡಿಯೇ ಒಳಗೆ ಬಿಡುತ್ತಾರೆ. ಸ್ಪೈರಲ್ ತಂತಿ, ಗಟ್ಟಿ ರಟ್ಟು, ಸ್ಟೇಪ್ಲರ್ ಪಿನ್ ಇರುವುದನ್ನು ತಡೆಯಬಹುದು. ಝೆರಾಕ್ಸ್ ಹಾಳೆಗಳನ್ನು ದಾರದಿಂದ ಹೊಲಿಸಿ ಕೊಂಡುಹೋದರೆ ಗೇಟಿನಲ್ಲಿ ವಾದ ಕಡಿಮೆ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಎರಡು ವಾರ ಸಾಕು, ಆದ್ದರಿಂದ ದಪ್ಪ ಪ್ಲಾಸ್ಟಿಕ್ ಚೀಲವೂ ಪಠ್ಯಪುಸ್ತಕದಷ್ಟೇ ಮುಖ್ಯ.

ಇಗ್ನೋದಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ ನೂರಕ್ಕೆ ಮೂವತ್ತು, ಪರೀಕ್ಷೆಗೆ ಎಪ್ಪತ್ತರ ತೂಕ. ಅಸೈನ್‌ಮೆಂಟನ್ನು ಕೈಯಿಂದಲೇ ಬರೆಯಬೇಕಾದ್ದರಿಂದ, ಕಂಪ್ಯೂಟರ್ ಇಲ್ಲದವರಿಗೆ ಇಲ್ಲಿ ನಷ್ಟವಿಲ್ಲ. ಬರೆದದ್ದನ್ನು ಹೊರಗೆ ತಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡ ಮೇಲೆಯೇ ಅಧ್ಯಯನ ಕೇಂದ್ರಕ್ಕೆ ಕೊಡಿ, ರಸೀದಿ ಪಡೆಯಿರಿ.

ಪರೀಕ್ಷೆಯ ದಿನ

ಅತ್ಯುತ್ತಮ ವ್ಯವಸ್ಥೆ ಎಂದರೆ ಕಾರಾಗೃಹದೊಳಗೇ ಪರೀಕ್ಷಾ ಕೇಂದ್ರ. ಇದಕ್ಕೆ ಅಧೀಕ್ಷಕರ ಕೋರಿಕೆ ವಿಶ್ವವಿದ್ಯಾಲಯದ ಪ್ರಾದೇಶಿಕ ಕಚೇರಿಗೆ ಪರೀಕ್ಷೆಗೆ ಹಲವು ತಿಂಗಳು ಮೊದಲೇ ಹೋಗಿರಬೇಕು, ಆದ್ದರಿಂದ ಪ್ರವೇಶಾತಿಯ ಪತ್ರದಲ್ಲೇ ಪರೀಕ್ಷೆಯ ಮಾತನ್ನು ಸೇರಿಸಲು ಮೇಲೆ ಹೇಳಿದ್ದು. ಅದು ಆಗದಿದ್ದರೆ ಆಕೆಯನ್ನು ಬೆಂಗಾವಲಿನಲ್ಲಿ ಹೊರಗಿನ ಕೇಂದ್ರಕ್ಕೆ ಕರೆದೊಯ್ಯಬೇಕು. ವಿಚಾರಣಾ ಬಂದಿ ನ್ಯಾಯಾಂಗ ಬಂಧನದಲ್ಲಿರುವುದರಿಂದ ಪ್ರಕರಣ ನಡೆಯುತ್ತಿರುವ ನ್ಯಾಯಾಲಯದ ಅನುಮತಿ ಬೇಕು. ವೇಳಾಪಟ್ಟಿ ಪ್ರಕಟವಾದ ದಿನವೇ ಅದರ ಪ್ರತಿ, ನೋಂದಣಿ ಪತ್ರ, ಅಧೀಕ್ಷಕರ ಪತ್ರಗಳೊಂದಿಗೆ ವಕೀಲರಿಂದ ಅರ್ಜಿ ಹಾಕಿಸಿ. ಪ್ರತಿಯೊಂದು ಪತ್ರಿಕೆಯ ದಿನಾಂಕ, ವೇಳೆ, ಕೇಂದ್ರದ ವಿಳಾಸ ಆದೇಶದಲ್ಲೇ ಬರುವಂತೆ ನೋಡಿಕೊಳ್ಳಿ. ‘ಪರೀಕ್ಷೆಗೆ ಹಾಜರುಪಡಿಸತಕ್ಕದ್ದು’ ಎಂಬ ಒಂದೇ ಸಾಲಿನ ಆದೇಶ ಹಿಡಿದು, ಯಾವ ದಿನ ಎಂದು ಗೊತ್ತಾಗದೆ ಪೊಲೀಸರು ಬಾರದೆ ಹೋದದ್ದುಂಟು. ಬೆಂಗಾವಲು ಸಶಸ್ತ್ರ ಮೀಸಲು ಪಡೆಯಿಂದ ಬರುವುದು. ಮಂಗಳೂರು ನಗರದಲ್ಲಿ ಕಮಿಷನರೇಟಿನ ಪಡೆ, ಉಡುಪಿಯಲ್ಲಿ ಜಿಲ್ಲಾ ಪಡೆ. ಮಹಿಳಾ ಸಿಬ್ಬಂದಿ ಬೇಕೆಂಬುದನ್ನು ಕೋರಿಕೆಯಲ್ಲಿ ಬರೆಯಬೇಕು, ಹಬ್ಬ ಅಥವಾ ಚುನಾವಣೆಯ ಬಂದೋಬಸ್ತ್ ಇರುವ ವಾರವಾದರೆ ಮುಂಚೆಯೇ ಎರಡು ಬಾರಿ ವಿಚಾರಿಸಬೇಕು. ಕೈಕೋಳವಿಲ್ಲದೆ, ಸಾಧ್ಯವಾದರೆ ಸಮವಸ್ತ್ರವಿಲ್ಲದ ಸಿಬ್ಬಂದಿಯೊಂದಿಗೆ ಪರೀಕ್ಷಾ ಕೊಠಡಿಗೆ ಬಿಡಬೇಕೆಂದು ಅರ್ಜಿಯಲ್ಲೇ ಕೇಳಿಕೊಳ್ಳಿ. ಅಕ್ಕಪಕ್ಕದ ಬೆಂಚಿನಲ್ಲಿ ಊರಿನವರೇ ಕುಳಿತಿರುತ್ತಾರೆ.

ಬಿಡುಗಡೆಯಾದಾಗ

ಜಾಮೀನು ಆದೇಶ ಕಾರಾಗೃಹಕ್ಕೆ ತಲುಪಿ ಬಿಡುಗಡೆಯಾಗುವ ಹೊತ್ತಿಗೆ ಎಷ್ಟೋ ಸಲ ಸಂಜೆಯಾಗಿರುತ್ತದೆ. ಆ ಗಡಿಬಿಡಿಯಲ್ಲಿ ಬಟ್ಟೆಯ ಗಂಟು ಹೊರಗೆ ಬರುತ್ತದೆ, ಪುಸ್ತಕ ಮತ್ತು ಬರೆದಿಟ್ಟ ಅಸೈನ್‌ಮೆಂಟು ಒಳಗೇ ಉಳಿಯುತ್ತವೆ. ಇದನ್ನು ಮೊದಲೇ ಆಕೆಗೆ ಹೇಳಿಡಿ: ಓದಿನ ಕಾಗದಗಳೆಲ್ಲ ಸದಾ ಒಂದೇ ಚೀಲದಲ್ಲಿರಲಿ, ಬಾಗಿಲ ಕಡೆಯ ಗೋಡೆಗೆ ನೇತಾಡಲಿ. ಮನೆಗೆ ಬಂದ ವಾರದೊಳಗೆ ಪ್ರಾದೇಶಿಕ ಕೇಂದ್ರಕ್ಕೆ ಹೋಗಿ ವಿಳಾಸ ಮತ್ತು ಅಧ್ಯಯನ ಕೇಂದ್ರದ ಬದಲಾವಣೆಗೆ ಅರ್ಜಿ ಕೊಡಿ. ಶುಲ್ಕ ವಿನಾಯಿತಿ ಬಂಧನದಲ್ಲಿರುವವರಿಗೆ ಇರುವುದಾದ್ದರಿಂದ ಮುಂದಿನ ವರ್ಷದ ಮರುನೋಂದಣಿಗೆ ಹಣ ಎತ್ತಿಡಿ. ಬೇರೆ ಕಾರಾಗೃಹಕ್ಕೆ ವರ್ಗವಾದರೂ ಕ್ರಮ ಇದೇ, ಅರ್ಜಿ ಮಾತ್ರ ಹೊಸ ಅಧೀಕ್ಷಕರ ಮೂಲಕ ಹೋಗಬೇಕು. ಇಷ್ಟಾದ ಮೇಲೆ ಕಡತವನ್ನು ಪಾಸ್‌ವರ್ಡಿನ ಹಾಳೆಯ ಸಮೇತ ಆಕೆಯ ಕೈಗೆ ಕೊಟ್ಟುಬಿಡಿ, ನಿಮ್ಮ ಫೋನಿನಲ್ಲಿರುವ ಆಧಾರ್ ಪ್ರತಿಯನ್ನು ಆಕೆಯ ಎದುರಿಗೇ ಅಳಿಸಿ.